ಬೆನ್ನಿಗೆ ಬೆನ್ನು ಕೊಟ್ಟು ಕೂತವರು

ಜ್ವರ ಬಿಟ್ಟು ಎದ್ದ ದಿನ ಸೊಸೆಗೆ ಒಲೆಯ ಮೇಲೆ ಹಾಲು ಸೀದದ್ದು ಗೊತ್ತಾಗಲಿಲ್ಲ. ಅತ್ತೆ ಹಜಾರದಿಂದ ಓಡಿಬಂದು ಪಾತ್ರೆ ಇಳಿಸಿ, "ಏನಮ್ಮಾ, ಈ ಮನೆಯ ಮೂಗೇ ನಿದ್ದೆ ಹೋದ್ರೆ ಹೇಗೆ?" ಎಂದು ನಕ್ಕರು. ಸೊಸೆಯೂ ನಕ್ಕಳು. ಅತ್ತೆ ಆಚೆ ಹೋದಮೇಲೆ ಸೀದ ಪಾತ್ರೆಯನ್ನು ಮೂಗಿಗೆ ಹಿಡಿದಳು. ಏನೂ ಇಲ್ಲ. ಸಾಬೂನು ಮೂಸಿದಳು, ವಿನೆಗರ್ ಮೂಸಿದಳು, ಗಂಡನ ಕಾಲುಚೀಲವನ್ನೂ ಬಿಡಲಿಲ್ಲ. ಎಲ್ಲವೂ ಬರೀ ಗಾಳಿ.

ಬೇರೆ ಯಾರ ಮನೆಯಲ್ಲಾದರೂ ಊಟ ಸಪ್ಪೆಯಾಯಿತೆಂದು ಗೊಣಗಿಕೊಂಡು ಸುಮ್ಮನಿರಬಹುದಿತ್ತು. ಈ ಮನೆಯ ಹೊಟ್ಟೆ ತುಂಬುತ್ತಿದ್ದದ್ದೇ ಮೂಗಿನಿಂದ. ಮೇಲೆ ಮನೆ, ಕೆಳಗೆ ಅಂಗಡಿ, ಅಂಗಡಿಯ ಕೆಳಗೆ ಕಲ್ಲಿನ ನೆಲಮಾಳಿಗೆ. ಮಾರುವುದು ಫ್ರಾನ್ಸಿನ ಬರ್ಗಂಡಿ ಸೀಮೆಯ ಕೆಂಪು ವೈನು. ಅದೂ ಇವತ್ತು ತಂದು ಇವತ್ತೇ ಕುಡಿಯುವಂಥದ್ದಲ್ಲ, ಇಪ್ಪತ್ತು ವರ್ಷ ಕತ್ತಲಲ್ಲಿ ಮಲಗಿಸಿಟ್ಟು ಆಮೇಲೆ ತೆರೆಯುವಂಥದ್ದು. ಮಗು ಹುಟ್ಟಿದ ವರ್ಷದ ವೈನನ್ನು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕಾಪಾಡಿ, ಆ ಮಗು ಎದೆಯೆತ್ತರ ಬೆಳೆದಾಗ ತೆರೆಯುವ ಆಸೆಯವರು ಈ ಅಂಗಡಿಗೆ ಬರುತ್ತಿದ್ದರು. ಯಾವುದನ್ನು ಇಡಬೇಕು ಎಂದು ಆರಿಸಿಕೊಡುವುದೇ ಇವರ ಕಸುಬು.

ಹೇಳಿದಷ್ಟು ಸುಲಭದ ಕಸುಬಲ್ಲ ಅದು. ಒಂದೇ ಗುಡ್ಡದ ಒಂದೇ ಜಾತಿಯ ದ್ರಾಕ್ಷಿ. ಆದರೂ ಈ ಹೊಲದ್ದು ಮೂವತ್ತು ವರ್ಷ ಬಾಳುತ್ತದೆ, ಪಕ್ಕದ ಹೊಲದ್ದು ಐದಕ್ಕೇ ಕೈಕೊಡುತ್ತದೆ. ಎಳೆಯದಾಗಿದ್ದಾಗ ಎರಡೂ ಮುಖ ಕಿವುಚಿಸುತ್ತವೆ. ಹುಳಿ ಎಷ್ಟು, ಒಗರು ಎಷ್ಟು ಎಂದು ನಾಲಗೆ ಹೇಳೀತು. ಅದರ ಹಿಂದೆ ಕಾಯುವಷ್ಟು ಹಣ್ಣು ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಮೂಗು.

ಆ ಮೂಗು ಇದ್ದದ್ದು ಮನೆಯಲ್ಲಿ ಇಬ್ಬರಿಗೆ, ಮಾವನಿಗೆ ಮತ್ತು ಸೊಸೆಗೆ. ಮಗನ ಮೂಗು ಇರೋದು ಕನ್ನಡಕ ನಿಲ್ಲಿಸೋದಕ್ಕೆ ಎಂದು ಮಾವ ಬಂದವರೆದುರು ಹೇಳಿಬಿಡುತ್ತಿದ್ದರು. ಮಗ ಪಾಪ ಪೆಟ್ಟಿಗೆಗೆ ಮೊಳೆ ಹೊಡೆದುಕೊಂಡು ನಗುತ್ತಿದ್ದ. ಸೊಸೆಯನ್ನು ಮಾತ್ರ 'ಮೂಗಮ್ಮ' ಎನ್ನುತ್ತಿದ್ದರು. ಯಾರನ್ನೂ ಹೊಗಳದ ಮನುಷ್ಯ, ಈ ಸಲದ ಆಯ್ಕೆ ಮುಗಿದರೆ ನೆಲಮಾಳಿಗೆಯ ಬೀಗದಕೈ ಅವಳಿಗೇ ಎಂದು ಊಟದ ಮೇಜಿನಲ್ಲಿ ಸಾರಿದ್ದರು.

ಅವಳು ಗುಟ್ಟಾಗಿ ಡಾಕ್ಟರ ಹತ್ತಿರ ಹೋಗಿಬಂದಳು. "ಬಂದ್ರೂ ಬರಬಹುದು, ಬರದೇನೂ ಇರಬಹುದು" ಎಂದರು ಡಾಕ್ಟರು. ಇಷ್ಟು ಹೇಳುವುದಕ್ಕೆ ಇವರು ಅಷ್ಟೊಂದು ಓದಬೇಕಿತ್ತೇ ಎಂದು ಅವಳಿಗೆ ಸಿಟ್ಟು ಬಂತು. ದಾರಿಯುದ್ದಕ್ಕೂ ಒಂದೇ ಯೋಚನೆ: ಇವತ್ತೇ ಹೇಳಿಬಿಡಲೇ? ಮೆಟ್ಟಿಲು ಹತ್ತುವಾಗ ಇನ್ನೊಂದು ಪ್ರಶ್ನೆ ಎದ್ದಿತು. ಮೂಗಿಲ್ಲದ ಮೂಗಮ್ಮ ಈ ಮನೆಯಲ್ಲಿ ಯಾರು? ಅವಳು ಹೇಳಲಿಲ್ಲ.

ಆಯ್ಕೆ ಶುರುವಾಯಿತು. ಅದಕ್ಕೊಂದು ಕ್ರಮವಿತ್ತು, ಮಾವನ ಅಪ್ಪ ಮಾಡಿಟ್ಟದ್ದು. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಎರಡು ಮರದ ಕುರ್ಚಿಗಳಲ್ಲಿ ಕೂರಬೇಕು. ಒಬ್ಬರ ಮುಖ ಒಬ್ಬರಿಗೆ ಕಂಡರೆ ನಾಲಗೆ ಸುಳ್ಳು ಹೇಳುತ್ತದಂತೆ. ಮಾತಿಲ್ಲ. ಮೂಸಿ, ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗಿದು, ತಂತಮ್ಮ ಸ್ಲೇಟಿನ ಮೇಲೆ ಗುರುತು ಹಾಕಬೇಕು: ಇಡುವಂಥದ್ದಕ್ಕೆ ಸೊನ್ನೆ, ಬೇಡದ್ದಕ್ಕೆ ಅಡ್ಡಗೆರೆ ಎರಡು. ಆಮೇಲೆ ಸ್ಲೇಟು ತಿರುಗಿಸಿ ನೋಡುವುದು. ಇಬ್ಬರದೂ ಸೊನ್ನೆಯಾದರೆ ಮಾತ್ರ ಆ ವೈನು ಪೆಟ್ಟಿಗೆಗೆ.

ಅವಳು ಮೊದಲ ಗ್ಲಾಸು ಎತ್ತಿದಳು. ಮೂಗು ಗ್ಲಾಸಿನೊಳಗೆ ಇಳಿಸಿದಳು. ಹಿಂದಿನ ವರ್ಷ ಇಲ್ಲಿ ಚೆರ್ರಿ ಇತ್ತು, ಒದ್ದೆ ಮಣ್ಣಿತ್ತು, ಒಣಗಿದ ಗುಲಾಬಿಯಿತ್ತು. ಈಗ ಬಾಯಲ್ಲಿ ಹುಳಿನೀರು. ಏನು ಬರೆಯುವುದು? ಸೀಮೆಸುಣ್ಣವನ್ನು ಸ್ಲೇಟಿನ ಮೇಲಿಟ್ಟು ಹಾಗೇ ಕೂತಳು. ಆಗ ಬೆನ್ನ ಹಿಂದಿನಿಂದ ಮಾವನ ಸೀಮೆಸುಣ್ಣದ ಸದ್ದು ಕೇಳಿತು. ಒಂದೇ ಉದ್ದ ಸದ್ದು. ಸೊನ್ನೆ! ಗೆರೆಯಾಗಿದ್ದರೆ ಎರಡು ಸಲ ಗೀಚಬೇಕಿತ್ತು. ಅವಳೂ ಸೊನ್ನೆ ಸುತ್ತಿದಳು. ಸ್ಲೇಟು ತಿರುಗಿಸಿದಾಗ ಮಾವ ತಲೆಯಾಡಿಸಿದರು.

ಹೀಗೆ ನಡೆಯಿತು. ದಿನವೂ ನೆಲಮಾಳಿಗೆಗೆ ಇಳಿದು ಕುರ್ಚಿಯಲ್ಲಿ ಕೂತರೆ ಸಾಕು, ಕಾಲು ಅದುರುತ್ತಿತ್ತು. ಕಿವಿ ಮಾತ್ರ ಚುರುಕು. ಕೆಲವು ಸಲ ಮಾವನ ಸೀಮೆಸುಣ್ಣ ಬಹಳ ಹೊತ್ತು ಸದ್ದೇ ಮಾಡುತ್ತಿರಲಿಲ್ಲ. ಗೊತ್ತಾಗಿಹೋಯಿತು, ನನ್ನನ್ನೇ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು. ಕೊನೆಗೆ ಸದ್ದಾಗುತ್ತಿತ್ತು. ಸೊನ್ನೆ. ಮತ್ತೆ ಸೊನ್ನೆ. ಮಾವ ಊಟಕ್ಕೆ ಕೂತು, "ಇಂಥಾ ವರ್ಷ ನಾನು ನೋಡಿರಲಿಲ್ಲ. ಮುಟ್ಟಿದ್ದೆಲ್ಲ ಬಂಗಾರ. ನಮ್ಮಿಬ್ಬರ ಸ್ಲೇಟೂ ಒಂದ್ಸಲಾನೂ ತಪ್ಪಿಲ್ಲ!" ಎಂದು ಎರಡು ತುತ್ತು ಹೆಚ್ಚೇ ಉಂಡರು. ಗಂಡ ಪೆಟ್ಟಿಗೆ ತುಂಬಿಸುತ್ತಾ ಹೋದ. ಅವಳು ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂತಳು.

ಕೊನೆಯ ದಿನ, ಪೆಟ್ಟಿಗೆಗಳನ್ನು ಗಿರಾಕಿಗಳಿಗೆ ಒಯ್ಯುವ ಲಾರಿ ಮಧ್ಯಾಹ್ನ ಬರುವುದಿತ್ತು. ಉಳಿದಿದ್ದ ಬಾಟಲಿ ತೆರೆದು ಇಬ್ಬರೂ ರುಚಿ ನೋಡಿದರು, ಬರೆದರು, ತಿರುಗಿಸಿದರು. ಎರಡೂ ಸೊನ್ನೆ. ಅಷ್ಟರಲ್ಲಿ ಅತ್ತೆ ನೀರಿನ ಜಗ್ ಹಿಡಿದು ಕೆಳಗೆ ಬಂದವರು ಮೇಜಿನ ಹತ್ತಿರ ನಿಂತು ಸೆರಗು ಮೂಗಿಗೆ ಒತ್ತಿಕೊಂಡರು.

"ಥೂ, ಏನ್ರೀ ಇದು? ನೆಂದ ರಟ್ಟಿನ ಡಬ್ಬ ಕೊಳೆತ ಹಾಗೆ ನಾತ! ಇದನ್ನ ಹೇಗೆ ಬಾಯಿಗಿಟ್ರಿ?"

ಬಾಟಲಿಯ ಬಿರಡೆ ಕೆಟ್ಟರೆ ವೈನಿಗೆ ಆ ನಾತ ಹತ್ತುತ್ತದೆ. ವೈನಿನ ಗಂಧಗಾಳಿ ಇಲ್ಲದವರೂ ಮೂಗು ಮುಚ್ಚಿಕೊಳ್ಳುವ ನಾತ ಅದು. ಅತ್ತೆ ಜಗ್ ಇಟ್ಟು, ಇವರ ಹಣೆಬರಹ ಎಂದುಕೊಂಡು ಮೇಲೆ ಹೋದರು.

ಸಿಕ್ಕಿಬಿದ್ದೆ ಎಂದುಕೊಂಡಳು ಸೊಸೆ. ತಿರುಗಿ ನೋಡುವುದಕ್ಕೆ ಧೈರ್ಯ ಸಾಲಲಿಲ್ಲ. ಮಾವ ಗದರುತ್ತಾರೆ ಎಂದು ಕಾದಳು. ಗದರಲಿಲ್ಲ. ಆಗ ಹೊಳೆಯಿತು: ಸೊನ್ನೆ ಅವರ ಸ್ಲೇಟಿನಲ್ಲೂ ಇತ್ತು. ಮೆಲ್ಲಗೆ ತಿರುಗಿದಳು. ಮಾವನ ಮುಖ ಸುಣ್ಣದಂತಾಗಿತ್ತು.

"ಯಾವಾಗಿಂದ?" ಎಂದರು ಮಾವ, ಪಿಸುಮಾತಿನಲ್ಲಿ.

"ಜ್ವರ ಬಂದಾಗಿಂದ. ನಿಮಗೆ?"

"ನೀನು ಈ ಮನೆಗೆ ಬಂದ ಮಾರನೇ ವರ್ಷದಿಂದ."

"ಹಾಗಾದ್ರೆ ಇಷ್ಟು ವರ್ಷ ಹೇಗೆ ಬರೀತಿದ್ರಿ ಮಾವ?"

"ನಿನ್ನ ಕೇಳಿಸ್ಕೊಂಡು. ಒಳ್ಳೇ ವೈನು ಸಿಕ್ಕಿದ್ರೆ ನೀನು ಕಾಲು ಕುಣಿಸ್ತೀಯ, ಕುರ್ಚಿ ಕಿರುಗುಟ್ಟುತ್ತೆ. ಒಂದ್ಸಲಾನೂ ತಪ್ಪಿಲ್ಲ ಕಣಮ್ಮ ಅದು. ಈ ವರ್ಷ ಅಂತೂ ಕುಣಿಸಿದ್ದೇ ಕುಣಿಸಿದ್ದು."

"ಈ ವರ್ಷ ಕಾಲು ಅದುರಿದ್ದು ಭಯಕ್ಕೆ, ಮಾವ."

ಮೇಲೆ ಗಂಡ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು. ಅವಳ ಭಯ ಕೇಳಿಸಿಕೊಂಡು ಇವರು ಸೊನ್ನೆ ಹಾಕಿದ್ದರು, ಇವರ ಸೊನ್ನೆ ಕೇಳಿಸಿಕೊಂಡು ಅವಳು. ಮೇಲಿನ ಪೆಟ್ಟಿಗೆಗಳಲ್ಲಿ ಏನಿದೆ ಎಂದು ಈ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮಾವ ಮೊದಲು ಸಾವರಿಸಿಕೊಂಡರು. "ಯಾರಿಗೂ ಹೇಳ್ಬೇಡ. ಇಪ್ಪತ್ತು ವರ್ಷ ಯಾರೂ ತೆಗೆಯಲ್ಲ. ಒಳ್ಳೇದೂ ಇರಬಹುದು ಅದರಲ್ಲಿ. ಅಷ್ಟು ಹೊತ್ತಿಗೆ ನಾನಂತೂ ಇರಲ್ಲ."

"ನಾನಿರ್ತೀನಲ್ಲ" ಎಂದಳು ಅವಳು.

ಮಾವ ಅವಳ ಮಣಿಕಟ್ಟು ಹಿಡಿದರು. ಆ ಹಿಡಿತದಲ್ಲಿ ಬಲವಿರಲಿಲ್ಲ, ಗೋಗರೆತವಿತ್ತು. ಅವಳು ಬಿಡಿಸಿಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲ ಬಳಿ ಲಾರಿ ಬಂದು ನಿಂತಿತ್ತು. ಗಂಡ ಕೊನೆಯ ಪೆಟ್ಟಿಗೆಯ ಮುಚ್ಚಳ ಕೂರಿಸುತ್ತಿದ್ದ, ಅತ್ತೆ ಪಕ್ಕದಲ್ಲಿ ಹುಲ್ಲು ಗುಡಿಸುತ್ತಿದ್ದರು.

"ರೀ, ಕಳಿಸ್ಬೇಡಿ" ಎಂದಳು. ದನಿ ಅವಳದೆಂದು ಅವಳಿಗೇ ಅನಿಸಲಿಲ್ಲ. "ನನಗೆ ವಾಸನೆ ಬರ್ತಿಲ್ಲ. ಜ್ವರ ಬಂದಾಗಿಂದ ಬರ್ತಿಲ್ಲ. ಇದರಲ್ಲಿ ಒಂದನ್ನೂ ನಾನು ಆರಿಸಿಲ್ಲ."

ಅತ್ತೆಯ ಪೊರಕೆ ನಿಂತಿತು. ಗಂಡ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದ, ಆಮೇಲೆ ಅವಳ ಹಿಂದೆ ಮೆಟ್ಟಿಲು ಹತ್ತಿ ಬಂದ ಅಪ್ಪನನ್ನು. "ಅಯ್ಯೋ, ಮೊದಲೇ ಹೇಳಬಾರದಿತ್ತಾ... ಆದ್ರೂ ಜೊತೆಗೆ ಅಪ್ಪ ಇದ್ರಲ್ಲ. ಅಪ್ಪ ಇದ್ದಮೇಲೆ ಏನೂ ಭಯ ಇಲ್ಲ ಬಿಡು. ಅಲ್ವಾ ಅಪ್ಪ?"

ಮಾವ ಮೆಟ್ಟಿಲ ಕಟಕಟೆ ಹಿಡಿದು ನಿಂತಿದ್ದರು. ಹೆಂಡತಿಯ ಮುಖ ನೋಡಿದರು, ಮಗನ ಮುಖ ನೋಡಿದರು. ಸೊಸೆಯ ಮುಖ ಮಾತ್ರ ನೋಡಲಿಲ್ಲ.

"ಹೂಂ" ಎಂದರು. "ನಾನಿದ್ನಲ್ಲ. ಮೊಳೆ ಹೊಡಿ."

ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದ ಹೆದರಿಕೆ ಎದುರಿಗೆ ನಿಂತಂತಾಯಿತು ಅವಳಿಗೆ. ಈ ಮನುಷ್ಯ ಅದನ್ನು ಅವಳಿಗಿಂತ ಎಷ್ಟು ಹೆಚ್ಚು ಕಾಲ ನುಂಗಿದ್ದ! ಸಿಟ್ಟೂ ಬಂತು, ಕರುಳೂ ಚುರ್ರೆಂದಿತು. ಅವರ ಗುಟ್ಟನ್ನು ಅವಳು ಬಾಯಿಬಿಟ್ಟು ಹೇಳಲಾರಳು. ಗಂಡ ಮೊಳೆ ಇಟ್ಟು ಸುತ್ತಿಗೆ ಎತ್ತಿದ. ಅವಳು ಹೋಗಿ ಮೊಳೆಯ ಮೇಲೆ ಅಂಗೈ ಮುಚ್ಚಿದಳು.

"ಕೈ ತೆಗಿಯೇ, ಏಟು ಬೀಳುತ್ತೆ."

ಅವಳು ತೆಗೆಯಲಿಲ್ಲ. ಅಂಗೈಯನ್ನು ಇನ್ನೂ ಒತ್ತಿದಳು, ಪೆಟ್ಟಿಗೆಯೊಳಗೆ ಬಾಟಲಿಗಳು ಸಣ್ಣಗೆ ಕಿಣಿಗುಟ್ಟಿದವು. ಅವಳು ಮಾವನನ್ನೇ ನೋಡುತ್ತಿದ್ದಳು.

ಮಾವ ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತರು.

"ನಿಲ್ಲಿಸೋ" ಎಂದರು ಮಗನಿಗೆ. "ನನಗೂ ಬರಲ್ಲ."