ನಾಲ್ಕೂ ಕಾಲಿನ ಮೊಲ

ಕಿವಿಯೇ ಇರಬೇಕು, ಹುರುಳಿ ಬಳ್ಳಿಯ ಮೇಲೆ ಎರಡು ಎಲೆ ನೆಟ್ಟಗೆ ನಿಂತಿವೆ, ಎಲೆಯಾಗಿದ್ದರೆ ಅಲುಗಬೇಕಿತ್ತು, ಇಷ್ಟು ಗಾಳಿ ಬೀಸುತ್ತಿದೆ, ಪಕ್ಕದ ಎಲೆಗಳೆಲ್ಲ ತಲೆ ಆಡಿಸುತ್ತಿವೆ, ಇವೆರಡು ಮಾತ್ರ ಇಲ್ಲ — ಅದೂ ಅಲ್ಲದೆ ಎಲೆ ಎಲ್ಲಾದರೂ ಇಷ್ಟು ಕೆಂಪಗಿರುತ್ತದೆಯೇ, ಹಿಂದಿನಿಂದ ಎಳೆಬಿಸಿಲು ಹಾಯ್ದು ಒಳಗಿನ ನರವೆಲ್ಲ ಕಾಣುವ ಕೆಂಪು, ಹೌದು, ಕಿವಿಯೇ, ವಿಮಲಮ್ಮ ಉಸಿರು ಬಿಗಿಹಿಡಿದಳು, ಕಣ್ಣು ಮಿಟುಕಿಸಿ ನೋಡಿದರೆ ಇಲ್ಲ, ಬರೀ ಹುರುಳಿ, ಮಂಜಿನಲ್ಲಿ ನೆಂದ ಹುರುಳಿ, ಅದರಾಚೆ ತೆಂಗಿನ ಸಾಲು, ಅದರಾಚೆ ಕಡೂರಿನ ಬಸ್ಸು ಪಂಚನಹಳ್ಳಿ ದಾಟುವ ಹಾರ್ನು. ನೋಡಿದೆಯೇನೇ ಎಂದು ಕೇಳಬೇಕೆನಿಸಿತು, ಮೊಣಕಾಲುಗಳ ನಡುವೆ ನಿಂತಿರುವ ನಾಯಿ, ಕಡ್ಡಿ, ಬೇರೆಲ್ಲೋ ನೋಡುತ್ತಿದೆ, ಬದುವಿನ ಮೇಲೆ ಒಂಟಿಕಾಲಲ್ಲಿ ನಿಂತ ಬೆಳ್ಳಕ್ಕಿಯನ್ನು, ಅಯ್ಯೋ ದಡ್ಡಿ, ಆ ಕಡೆ ಅಲ್ಲ ಕಣೇ, ಈ ಕಡೆ. ಹಳೇ ಸೀರೆಯ ಅಂಚನ್ನು ಅದರ ಕೊರಳಿಗೆ ಬಳಸಿ ಎರಡೂ ತುದಿ ಮುಷ್ಟಿಯಲ್ಲಿ ಹಿಡಿದಿದ್ದಾಳೆ, ಒಂದು ತುದಿ ಬಿಟ್ಟರೆ ಸಾಕು, ನಾಯಿ ಬಾಣ. ಅದರ ಎದೆ ಅವಳ ಕಾಲಿಗೆ ಒತ್ತಿಕೊಂಡಿದೆ, ಡಬಡಬ ಡಬಡಬ, ಅದರ ಎದೆಯೋ ತನ್ನದೋ ಗೊತ್ತಾಗುತ್ತಿಲ್ಲ. ಹುರುಳಿಯ ಆ ತುದಿಯಿಂದ ಇಬ್ಬರು ಗಂಡಸರು ಕೋಲಿನಿಂದ ಬಳ್ಳಿ ಸವರುತ್ತ ಬರುತ್ತಿದ್ದಾರೆ, ಮಫ್ಲರ್ ಸುತ್ತಿಕೊಂಡವರು ಇವರು, ಗಂಡ ರುದ್ರಮೂರ್ತಿ, ಬರಿದಲೆಯವನು ತಮ್ಮ ರೇಣುಕಪ್ರಸಾದ. ಮೊಲ ಎದ್ದರೆ ಈ ಕಡೆಯ ರಾಗಿ ಕೊಯ್ದ ಹೊಲಕ್ಕೇ ಬೀಳಬೇಕು, ಬಯಲು, ಮುಚ್ಚಿಕೊಳ್ಳಲು ಒಂದು ಗಿಡವಿಲ್ಲ, ಮೊಲಕ್ಕೂ ಇಲ್ಲ, ಕಡ್ಡಿಗೂ ಇಲ್ಲ, ತನಗೂ ಇಲ್ಲ.

ಮೊಲದ ಹಿಂದೆ ಓಡಿದ್ರೆ ನಾಯಿ ನಿಂದು ಅಕ್ಕಾ, ಓಡ್ಲಿಲ್ಲ ಅಂದ್ರೆ ತರೀಕೆರೆಗೆ, ಅಷ್ಟೇ ಮಾತು. ರಾತ್ರಿ ಊಟಕ್ಕೆ ಕೂತಾಗ ಪ್ರಸಾದ ಹೇಳಿದ್ದು, ಎಷ್ಟು ಸಲೀಸಾಗಿ ಹೇಳಿದ, ಹಪ್ಪಳ ಮುರಿದ ಹಾಗೆ. ಅಜ್ಜಂಪುರದ ಕಡೆಯ ತವರಿನಲ್ಲಿ ಅವನ ಮುಧೋಳ ನಾಯಿ ಹಡೆದದ್ದು, ತಂದೆ ಯಾರು ಎಂದರೆ ಅವನೇ ತಲೆ ಕೆರೆದುಕೊಳ್ಳುತ್ತಾನೆ, ಬಸ್ ಸ್ಟ್ಯಾಂಡಿನ ಕಡೆಯ ಯಾರೋ ದೊಡ್ಡ ಮನುಷ್ಯ ಇರಬೇಕು ಕಣೇ ಎಂದು ನಗುತ್ತಾನೆ; ಉಳಿದ ಮರಿ ಇದೊಂದು, ಮನೇಲಿ ಜಾಗ ಇಲ್ಲ, ಒಂದಷ್ಟು ದಿನ ಸಾಕ್ಕೊಡು, ನಿನ್ನ ಅಲಸಂದೆ ತಿನ್ನೋ ಮೊಲಾನಾದ್ರೂ ಓಡಿಸ್ತದೆ ಎಂದು ಚೀಲದಲ್ಲಿ ತಂದು ಬಿಟ್ಟು ಹೋದ. ಚೀಲದಿಂದ ಮೊದಲು ಹೊರಬಂದದ್ದು ಕಾಲು, ಆಮೇಲೆ ಇನ್ನಷ್ಟು ಕಾಲು, ಬರುತ್ತಲೇ ಇದೆ ಕಾಲು, ಕೊನೆಗೆ ಒಂದಿಷ್ಟು ನಾಯಿ, ಕಡ್ಡಿ ಇದ್ದಂಗೈತಲ್ಲೋ ಎಂದಳು, ಅದೇ ಹೆಸರಾಯಿತು. ಸಾಕಿಕೊಡು ಅಂದರೆ ಏನರ್ಥ, ಎಮ್ಮೆಕರುವೇ, ಸಾಕಿ ಹಿಂದಿರುಗಿಸುವುದಕ್ಕೆ, ಮುದ್ದೆ ಮಜ್ಜಿಗೆ ಕಲಸಿ ಬೆರಳಿಂದ ತಿನ್ನಿಸಿದವಳು ತಾನು, ಚಳಿಗೆ ನಡುಗುವಾಗ ಒಲೆಯ ಮುಂದೆ ಜಾಗ ಕೊಟ್ಟವಳು ತಾನು, ಈಗ ತರೀಕೆರೆಯ ಇಟ್ಟಿಗೆ ಗೂಡಿನವರು ಕಾವಲಿಗೆ ನಾಯಿ ಕೇಳಿದ್ದಾರಂತೆ — ಸರಪಳಿ, ಹಗಲೂ ಸರಪಳಿ ರಾತ್ರಿಯೂ ಸರಪಳಿ, ಈ ಕಾಲಿಗೆ! ಕೊಡಲ್ಲ ಅಂದ್ಬಿಡು ಎಂದರು ಇವರು ಮಲಗುವಾಗ, ಹೇಗೆ ಅನ್ನುವುದು, ಮಾತು ಕೊಟ್ಟಾಗಿದೆ, ಓಡತ್ತೆ ನೋಡ್ತಿರು ಎಂದು ಎದೆ ತಟ್ಟಿ ತಾನೇ ಹೇಳಿದ್ದಾಳೆ, ಇವರು ಕಂಬಳಿಯೊಳಗಿಂದ ನಕ್ಕರು, ನೀನು ಹಿಡಿದ ಮೊಲಕ್ಕೆ ಮೂರೇ ಕಾಲು, ಅಲ್ವೇನೇ. ಮದುವೆಯಾದಾಗಿನಿಂದ ಇದೇ ಗಾದೆ, ಉಪ್ಪು ಜಾಸ್ತಿಯಾಯಿತೆಂದರೂ ಇದೇ, ಕೊಳವೆಬಾವಿಗೆ ಜಾಗ ತೋರಿಸಿದಾಗಲೂ ಇದೇ, ಅಲ್ಲಿ ನೀರು ಬಂದಾಗ ಮಾತ್ರ ಗಾದೆ ನೆನಪಾಗಲಿಲ್ಲ ಮಹಾರಾಯರಿಗೆ.

ಮೊಲ ಇನ್ನೂ ಎದ್ದಿಲ್ಲ, ಅರ್ಧ ಹುರುಳಿ ಸವರಿದ್ದಾರೆ, ಕಡ್ಡಿ ಒಮ್ಮೆ ಆಕಳಿಸಿತು, ಆಕಳಿಸುತ್ತೀಯಾ, ನಿನ್ನ ಹಣೆಬರಹ ಬರೆಯುತ್ತಿದ್ದಾರೆ ಅಲ್ಲಿ, ಆಕಳಿಸುತ್ತಾಳಂತೆ. ಎಲ್ಲ ಕಲಿಸಿದ್ದಾಳೆ, ಕಲಿಸಿದ್ದು ತಪ್ಪೋ ಸರಿಯೋ ಆ ದೇವರಿಗೇ ಗೊತ್ತು, ಆ ದೇವರದೇ ತಾನೇ ಇವತ್ತಿನ ಪೇಚಾಟ. ಅವ್ವನ ಹಳೇ ಕರಿಕಂಬಳಿಯ ಚೂರಿಗೆ ತೆಂಗಿನ ನಾರು ತುಂಬಿ ಮೊಲ ಹೊಲಿದಳು, ಎರಡು ಕಿವಿ ಇಟ್ಟಳು, ಹಗ್ಗ ಕಟ್ಟಿ ಟಿವಿಎಸ್ ಗಾಡಿಯ ಹಿಂದೆ ಬಿಟ್ಟಳು, ಇವರು ಬೀಳುಹೊಲದಲ್ಲಿ ಗಾಡಿ ಓಡಿಸಬೇಕು, ಇವಳು ನಾಯಿ ಬಿಡಬೇಕು, ಊರವರು ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರು, ಏನ್ ರುದ್ರಣ್ಣ, ಮೊಲಕ್ಕೂ ಡ್ರೈವಿಂಗ್ ಕಲಿಸ್ತೀರಾ. ಬಿಡೋವಾಗ ಛೂ ಅನ್ಬೇಕು ಅಕ್ಕಾ ಎಂದು ಪ್ರಸಾದ ಫೋನಿನಲ್ಲಿ ಹೇಳಿಕೊಟ್ಟಿದ್ದ, ಬಾಯಿ ತೆರೆದಳು, ಬರಲಿಲ್ಲ. ಛೂ ಅಂದರೆ ಹಿಡಿ, ಕಚ್ಚು, ಕೊಲ್ಲು, ಎದೆಯ ಮೇಲೆ ಲಿಂಗ ಕಟ್ಟಿಕೊಂಡು ಆ ಮಾತು ಹೇಗೆ ಆಡುವುದು, ಮೊಟ್ಟೆಯ ವಾಸನೆಗೇ ಸೆರಗು ಮೂಗಿಗೆ ಹಿಡಿಯುವ ಮನೆತನ. ಅಷ್ಟರಲ್ಲಿ ಗಾಡಿ ಹೊರಟಿತು, ಕಡ್ಡಿ ಕಿತ್ತು ಎಳೆಯಿತು, ಇವಳು ದೊಪ್ಪನೆ ಕುಕ್ಕರಿಸಿದಳು, ಕೂತ ನೋವಿಗೆ ಬಾಯಿಂದ ತಾನಾಗಿ ಬಂತು, ಶಿವಾ! ಮುಷ್ಟಿ ಸಡಿಲಿತು, ನಾಯಿ ಹಾರಿತು. ಮರುದಿನ ಛೂ ಎಂದರೆ ಅಲುಗದು, ಹೋಗೇ ಎಂದರೆ ಮುಖ ನೆಕ್ಕುತ್ತದೆ, ಸೋತು ಸುಣ್ಣವಾಗಿ ಶಿವಾ ಎಂದಳು — ಹೋಯ್ತು ನೋಡು, ಧೂಳು ಮಾತ್ರ ಉಳಿಯಿತು. ಅಲ್ಲಿಗೆ ಮುಗಿಯಿತು, ಅದರ ಲೆಕ್ಕದಲ್ಲಿ ಶಿವಾ ಎಂದರೆ ಮೊಲ.

ಈ ಮನೆಯಲ್ಲಿ ಕೂತರೆ ಶಿವಾ, ಎದ್ದರೆ ಶಿವಾ, ಆಕಳಿಸಿದರೆ ಶಿವಾ, ಕರೆಂಟು ಹೋದರೆ ಶಿವಾ, ಕಡ್ಡಿಗೆ ದಿನಕ್ಕೆಷ್ಟು ಬೇಟೆ! ಮಠದ ಅಯ್ಯನವರು ಬಂದ ದಿನ, ನೆನೆದರೆ ಈಗಲೂ ನಗು ಉಕ್ಕುತ್ತದೆ, ನಗಬಾರದು, ಮೊಲಕ್ಕೆ ಕೇಳಿಸೀತು — ಅಯ್ಯನವರು ಜಗಲಿಯ ಮೇಲೆ ಮಂಡಿ ಮಡಿಸಿ ಶಿವಾಆಆ ಎಂದು ನಿಧಾನ ಕೂತದ್ದೇ ತಡ, ಹೊಸ್ತಿಲಲ್ಲಿ ನಿದ್ದೆ ಹೋಗಿದ್ದ ನಾಯಿ ಅವರಿಗೆಂದು ಇಟ್ಟಿದ್ದ ಫಲಾಹಾರದ ತಟ್ಟೆಯ ಮೇಲಿಂದ ಹಾರಿ ತೋಟ ಸುತ್ತಿ ಎಲ್ಲೂ ಮೊಲ ಕಾಣದೆ ಅವರದೇ ಒಂದು ಚಪ್ಪಲಿಯನ್ನು ಮೆತ್ತಗೆ ಕಚ್ಚಿ ತಂದು ಅವರ ತೊಡೆಯ ಮೇಲಿಟ್ಟಿತು, ಇವಳು ನಾಚಿಕೆಯಿಂದ ಭೂಮಿಗೆ ಇಳಿದುಹೋದಳು, ಅವರೋ ಹಣೆಯ ವಿಭೂತಿ ನೆರಿಗೆಯಾಗುವ ಹಾಗೆ ನಕ್ಕು, ನಾಮ ಕೇಳಿದ ಕೂಡ್ಲೆ ಓಡೋ ಭಕ್ತರು ನಮಗೆಲ್ಲಿ ಸಿಗ್ತಾರೆ ತಾಯಿ ಎಂದರು. ಮೆತ್ತಗೆ ಕಚ್ಚಿ, ಅದನ್ನೂ ಕಲಿಸಿದವಳು ತಾನೇ, ಮೊದಮೊದಲು ಕಂಬಳಿಯ ಮೊಲವನ್ನು ಚಿಂದಿ ಮಾಡುತ್ತಿತ್ತು, ಅವ್ವನ ಕಂಬಳಿ ಕಣೇ ಅದು, ಹೊಲಿದು ಹೊಲಿದು ಕಣ್ಣು ಹೋಗುತ್ತಿತ್ತು, ಹರಿದು ತಂದ ದಿನ ಏನೂ ಇಲ್ಲ, ಇಡಿಯಾಗಿ ತಂದು ಮಡಿಲ ಮೇಲೆ ಹಿಡಿದು, ಇವಳು ಸಾಕು ಎಂದಾಗ ಬಾಯಿ ಬಿಟ್ಟರೆ ಒಂದು ಚೂರು ಕೊಬ್ಬರಿ. ಈಗ ಕಂಬಳಿಯ ಮೊಲದ ಒಂದು ಎಳೆಯೂ ಕೀಳುವುದಿಲ್ಲ. ಆದರೆ ಕಂಬಳಿಗೆ ರಕ್ತವಿಲ್ಲ, ಕಂಬಳಿ ಒದ್ದಾಡುವುದಿಲ್ಲ. ಓಡ್ಸೋದು ಅಷ್ಟೇ, ಹಿಡಿಯೋಂಗಿಲ್ಲ, ಫಾರೆಸ್ಟ್‌ನೋರು ಕೇಸ್ ಹಾಕ್ತಾರೆ ಎಂದಿದ್ದಾರೆ ಇವರು, ಸರಿ, ಕೇಸು ಇರಲಿ, ಅಲಸಂದೆ ತಿನ್ನುವ ಮೊಲವನ್ನು ಬೈದಿದ್ದಾಳೆ ನಿಜ, ಸಾಯಲಿ ಎಂದು ಬೈದಿಲ್ಲ. ಓಡಲಿ, ಹಿಡಿಯದಿರಲಿ, ಇಷ್ಟೇ ತಾನೇ ಕೇಳುವುದು, ಯಾರನ್ನು ಕೇಳುವುದು, ಕೇಳಬೇಕಾದವನ ಹೆಸರನ್ನೇ ಎತ್ತುವ ಹಾಗಿಲ್ಲವಲ್ಲ ಇವತ್ತು, ಇಬ್ಬರಿಗೂ ಕೈ ಮುಗಿದು ಹೇಳಿ ಕಳಿಸಿದ್ದಾಳೆ, ಮೊಲ ಏಳೋ ತನಕ ಯಾರೂ ಆ ಹೆಸರು ಅನ್ಬೇಡ್ರಪ್ಪ.

ಅಗೋ ಇವರು ಎಡವಿದರು, ಸಾಲಿನಲ್ಲಿ ಕಾಲು ಸಿಕ್ಕಿತು, ಬಾಯಿ ತೆರೆಯಿತು, ಅಯ್ಯೋ ಶಿ — ಕಡ್ಡಿಯ ಬೆನ್ನು ಬಿಲ್ಲಾಯಿತು — ಶಿಕಾರಿಪುರ! ಎಂದು ಮುಗಿಸಿದರು, ಪ್ರಸಾದ ಬಗ್ಗಿ ಹೊಟ್ಟೆ ಹಿಡಿದುಕೊಂಡ, ವಿಮಲಮ್ಮ ಸೆರಗು ಬಾಯಿಗೆ ತುರುಕಿಕೊಂಡಳು, ಆ ನಗುವಿನಲ್ಲೇ ನೋಡಿದಳು, ಎರಡು ಎಲೆ, ಅಲ್ಲ, ಕಿವಿ, ಇಷ್ಟು ಹತ್ತಿರ, ಬಿಸಿಲು ಹಾಯ್ದ ಕೆಂಪು ಕಿವಿ, ಕಡ್ಡಿಯೂ ನೋಡಿತು, ಮೈಯೆಲ್ಲ ಒಂದೇ ನರವಾಗಿ ನಿಂತಿತು, ಮೊಲ ಹಾರಿ ರಾಗಿಹೊಲಕ್ಕೆ ಬಿತ್ತು, ಬಿಡು ಅಕ್ಕಾ ಬಿಡು, ಪ್ರಸಾದ ಕೂಗುತ್ತಾನೆ, ಬಿಟ್ಟರೆ ಮೊಲದ ಜೀವ, ಬಿಡದಿದ್ದರೆ ಕಡ್ಡಿಗೆ ಸರಪಳಿ, ಯಾರನ್ನು ಉಳಿಸಲಿ ಶಿವಾ — ಬಂದೇಬಿಟ್ಟಿತು ಬಾಯಿಗೆ, ಅಪ್ಪಣೆಯೋ ಮೊರೆಯೋ, ಅವಳಿಗೇ ಗೊತ್ತಿಲ್ಲ, ಮುಷ್ಟಿಯಲ್ಲಿ ಸೀರೆಯಂಚು ಸರ್ರನೆ ಜಾರಿ ಕೈ ಬಿಸಿಯಾಯಿತು. ಓಡಿತು, ಅಮ್ಮಮ್ಮಾ ಏನು ಓಟ, ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ, ಮಡಿಸಿ ಬಿಚ್ಚಿ ಮಡಿಸಿ ಬಿಚ್ಚಿ, ನನ್ನ ಕಡ್ಡಿ, ಓಡಿತು ನೋಡೋ ಪ್ರಸಾದ, ಓಡಿತು, ಇನ್ನು ಸಾಕು ಬಾರೇ, ಮೊಲ ತಿರುಗಿತು, ಕಡ್ಡಿ ಮುಂದೆ ಜಾರಿ ಪಲ್ಟಿ ಹೊಡೆದು ಮತ್ತೆ ಎದ್ದಿತು, ಹಿಡಿ ಹಿಡಿ ಎನ್ನುತ್ತಾನೆ ಅವನು, ಬೇಡ ಬೇಡ ಎನ್ನುತ್ತಾಳೆ ಇವಳು, ಎರಡೂ ಮಾತು ಅದಕ್ಕೆ ಕಲಿಸಿಲ್ಲ, ಸಾಕೇ ಸಾಕು ಎಂದು ಕೂಗಿದರೆ ದೂರಕ್ಕೆ ಕೇಳದು. ಇನ್ನೊಂದು ತಿರುವು, ಧೂಳು, ಕೀಚ್ ಎಂದಿತು ಏನೋ, ಆಮೇಲೆ ಏನೂ ಇಲ್ಲ. ಕಣ್ಣು ಮುಚ್ಚಿ ಅಲ್ಲೇ ಕೂತುಬಿಟ್ಟಳು.

ಮಡಿಲಿಗೆ ಬೆಚ್ಚಗೆ ಏನೋ ತಾಗಿತು. ಕಂಬಳಿಯಷ್ಟೇ ಹಗುರ, ಕಣ್ಣು ತೆರೆಯುವುದಕ್ಕೆ ಭಯ, ಕಡ್ಡಿಯ ಉಸಿರು ಮುಖಕ್ಕೆ ಬಡಿಯುತ್ತಿದೆ, ಕೊಬ್ಬರಿ ಎಲ್ಲಿ ಎನ್ನುತ್ತಿದೆ, ಸಾಕು ಎಂದಳು, ಬಾಯಿ ಬಿಟ್ಟಿತು, ಎಂದಿನ ಹಾಗೆ. ನೋಡಿದಳು, ರಕ್ತವಿಲ್ಲ, ಬೆನ್ನಿನ ಕೂದಲು ಜೊಲ್ಲಿಗೆ ನೆಂದು ಎದ್ದಿದೆ ಅಷ್ಟೇ, ಕೈಯಿಟ್ಟರೆ ಒಳಗೆ ಡಬಡಬ ಡಬಡಬ, ಕಾಲು ಸವರಿದಳು, ಒಂದು, ಎರಡು, ಮೂರು — ರೀ, ನೋಡ್ರಿ ಇಲ್ಲಿ, ನಾಲ್ಕೂ ಐತೆ! ಪ್ರಸಾದ ಏದುಸಿರು ಬಿಡುತ್ತ ಬಂದು ಬಗ್ಗಿ ನೋಡಿದ, ಉಸಿರಾಡ್ತೈತೆ ಕಣೇ ಅಕ್ಕಾ, ಇದು ನಾಯಿ ಅಲ್ಲ, ಸೂಲಗಿತ್ತಿ, ನೀನೇ ಇಟ್ಕೊಳೇ ತಾಯಿ, ತರೀಕೆರೆಯೋರಿಗೆ ಬೇರೆ ನೋಡ್ತೀನಿ. ಎದೆಯಿಂದ ಒಂದು ಬಂಡೆ ಇಳಿಯಿತು, ಅಳು ಬಂತು, ಸಂತೋಷಕ್ಕೇ ಬಂತು, ಕಡ್ಡಿಯ ಉದ್ದ ಮೂತಿಯನ್ನು ಕೆನ್ನೆಗೆ ಒತ್ತಿಕೊಂಡಳು. ಮೊಲಕ್ಕೆ ಇನ್ನೂ ಬಿಡುಗಡೆಯಾದದ್ದು ತಿಳಿದಿಲ್ಲ, ಮಡಿಲಲ್ಲೇ ಮುದುಡಿದೆ. ಇವರು ಹತ್ತಿರ ಬಂದರು, ಮೊಣಕಾಲ ಮೇಲೆ ಕೈಯಿಟ್ಟರು, ಇನ್ನೇನು ಕೂರುತ್ತಾರೆ, ಬಾಯಿ ತೆರೆಯುತ್ತಿದೆ, ಕೂರುವಾಗ ಬರುವ ಮಾತು ಇವರ ತಾತನ ಕಾಲದಿಂದ ಒಂದೇ, ಕಡ್ಡಿ ಇವರ ಬಾಯನ್ನೇ ನೋಡುತ್ತಿದೆ, ವಿಮಲಮ್ಮ ಕೈ ಚಾಚಿ ಗಂಡನ ಬಾಯಿ ಮುಚ್ಚಿದಳು, ತಮ್ಮನ ಮುಂದೆಯೇ, ಮುಚ್ಚಿದ ಅಂಗೈಯಲ್ಲಿ ಇವರ ಮೀಸೆ ಶ್‌ ಶ್‌ ಎನ್ನುತ್ತಿದೆ, ಅದೇ ಮಾತು ಈಗ ತನ್ನ ಗಂಟಲಿಗೂ ಬಂದು ನಿಂತಿದೆ, ಇಷ್ಟು ದಿನದಲ್ಲಿ ಇಷ್ಟು ಮನಸಾರೆ ಒಮ್ಮೆಯೂ ಬಂದಿರಲಿಲ್ಲ, ಅನ್ನುವ ಹಾಗಿಲ್ಲ, ತುಟಿ ಕಚ್ಚಿದಳು, ಮಡಿಲಲ್ಲಿ ಏನೋ ಅಲುಗಿತು — ಕಿವಿ, ಮೆಲ್ಲಗೆ ಒಂದು, ಆಮೇಲೆ ಇನ್ನೊಂದು, ನೆಟ್ಟಗೆ, ಹಿಂದಿನಿಂದ ಬಿಸಿಲು, ಒಳಗೆ ಸಣ್ಣ ನರ, ಕಿವಿ, ಕೆಂಪು ಕಿವಿ