ಹಡಗು ಹತ್ತುವ ಮೊದಲಿನ ಚೆಕಿಂಗ್

ಪಕೀರಪ್ಪನಿಗೆ ಸಂಶಯ ಅನ್ನುವುದು ಕಾಯಿಲೆಯಲ್ಲ, ಕಸುಬು. ರಾಯಚೂರಿನಿಂದ ಹೊರಡುವ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ನೌಕರಿ ಮುಗಿಸಿದ ಮನುಷ್ಯ. ಕಲ್ಮಲ ಹಳ್ಳಿಯ ಆಚೆ ಯಾವ ಬೇವಿನ ಮರದ ಮರೆಗೆ ನಿಂತು ಬಸ್ಸಿಗೆ ಕೈ ಅಡ್ಡ ಹಾಕಿದರೆ ಕಂಡಕ್ಟರನ ಮುಖ ಬಿಳಿಚಿಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತು. ನಿದ್ದೆ ಹೋದವನು ಯಾರು, ನಿದ್ದೆಯ ಸೋಗು ಹಾಕಿದವನು ಯಾರು ಎಂದು ಕಾಲ್ಬೆರಳು ನೋಡಿಯೇ ಹೇಳುತ್ತಿದ್ದ. ನಿವೃತ್ತಿಯ ದಿನ ಇಲಾಖೆಯವರು ಅವನ ಬ್ಯಾಡ್ಜು ಇಸಿದುಕೊಂಡರು, ಸಂಶಯವನ್ನು ಅವನ ಹತ್ತಿರವೇ ಬಿಟ್ಟರು. ಅಂದಿನಿಂದ ಅದು ಮನೆಯಲ್ಲೇ ಡ್ಯೂಟಿ ಮಾಡತೊಡಗಿತು. ಹಾಲಿನವನು, ಗ್ಯಾಸಿನವನು, ಸಂತೆಯಿಂದ ಬಂದ ಹೆಂಡತಿ, ಯಾರನ್ನೂ ಬಿಡಲಿಲ್ಲ.

ಹೆಂಡತಿ ಸೂಗಮ್ಮ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಗೋಡೆಯ ಮೇಲಿನ ಚಿತ್ರ ತೋರಿಸಿ, ಇದು ಸಮುದ್ರ, ಇದು ಹಡಗು ಎಂದು ಊರ ಮಕ್ಕಳಿಗೆಲ್ಲ ಹೇಳಿಕೊಡುತ್ತ ತಲೆ ಹಣ್ಣಾಗಿತ್ತು. ತಾನು ಮಾತ್ರ ಕೃಷ್ಣೆಯನ್ನು ಬಿಟ್ಟರೆ ಬೇರೆ ದೊಡ್ಡ ನೀರು ನೋಡಿರಲಿಲ್ಲ. ಮೊಣಕಾಲು ಕೈ ಕೊಡುವ ಮೊದಲು ಒಮ್ಮೆ ಸಮುದ್ರದ ಮೇಲೆ ಹೋಗಬೇಕು ಎಂಬುದು ಆಕೆ ಬಾಯಿಬಿಟ್ಟು ಕೇಳಿದ ಒಂದೇ ಆಸೆ. ಮಾನ್ವಿಯ ನೇತ್ರಾವತಿ ಎಂಬ ಹುಡುಗಿ ನಿವೃತ್ತರನ್ನು ಕಟ್ಟಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತಾಳೆ, ಹಡಗಿನಲ್ಲೇ ಮಲಗಿ ಹಗಲು ಒಂದೊಂದು ದ್ವೀಪ ನೋಡುವುದಂತೆ ಎಂದು ಕೇಳಿದ್ದೇ ತಡ, ತನ್ನದೂ ಗಂಡನದೂ ಹೆಸರನ್ನು ಮೊದಲು ಕೊಟ್ಟವಳು ಸೂಗಮ್ಮ. ಗುಂಪು ತುಂಬಿದರೆ ಮಾತ್ರ ಪ್ರಯಾಣ, ಇಲ್ಲದಿದ್ದರೆ ಇಲ್ಲ ಎಂದು ನೇತ್ರಾವತಿ ಮೊದಲೇ ಹೇಳಿದ್ದಳು. ಗುಂಪು ತುಂಬಿಯೂ ಇತ್ತು.

ಹೊರಡುವ ಮುಂಚೆ ಏನೇನು ತಯಾರಿ ಬೇಕು ಎಂದು ತಿಳಿಸಲು ಆ ಹುಡುಗಿ ಒಂದು ಭಾನುವಾರ ರಾಯಚೂರಿನ ಬುದ್ಧವಿಹಾರದ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದಳು. ಸೂಗಮ್ಮ ಮುಂದಿನ ಸಾಲಿನಲ್ಲಿ ಕೂತಳು. ಪಕೀರಪ್ಪ ಬಾಗಿಲ ಬಳಿ ನಿಂತ. ಇಳಿದು ಓಡುವವರು ಹಿಂಬಾಗಿಲಿನಿಂದಲೇ ಓಡುತ್ತಾರೆ ಎಂಬ ಹಳೆಯ ಅನುಭವ.

"ಗಟ್ಟಿ ಸೂಟ್‌ಕೇಸ್ ತರಬ್ಯಾಡ್ರಿ, ಮೆತ್ತನ ಬ್ಯಾಗ್ ಇರಲಿ," ನೇತ್ರಾವತಿ ಶುರು ಮಾಡಿದಳು. "ಮಂಚದ ಕೆಳಗ ಜಾಗ ಸಣ್ಣದು ಇರ್ತದ. ಗುಳಿಗಿ, ಒರಿಜಿನಲ್ ಆಧಾರ್ ಕಾರ್ಡು, ಉಡಾಕ ಒಂದು ಜೊತಿ ಅರಬಿ ಕೈಚೀಲದಾಗ ಇರಲಿ, ದೊಡ್ಡ ಬ್ಯಾಗಿನ್ಯಾಗ ಬ್ಯಾಡ. ಬಂಗಾರ ಮನ್ಯಾಗ ಬಿಟ್ಟು ಬರ್ರಿ."

'ಬಂಗಾರ ಮನೆಯಲ್ಲಿ, ನಾವು ಹಡಗಿನಲ್ಲಿ' ಎಂದು ಪಕೀರಪ್ಪ ಲೆಕ್ಕ ಹಾಕಿದ. ಬಂಗಾರ ಹಾಕಿಕೊಂಡು ಬನ್ನಿ ಎಂದಿದ್ದರೂ ಅವನು ಹುಬ್ಬು ಏರಿಸುತ್ತಿದ್ದ, ಅದು ಬೇರೆ ಮಾತು.

"ಹಡಗು ದ್ವೀಪದ ದಂಡಿಗಿ ಹೋಗಂಗಿಲ್ರಿ. ದೂರ ನಿಂತು ಸಣ್ಣ ಬೋಟಿಗಿ ಇಳಸ್ತಾರ. ಬೋಟು ಮ್ಯಾಲ ಕೆಳಗ ಆಡ್ತಿರ್ತದ. ಇಳಿಯೋ ಮುಂದ ನಿಮ್ಮ ಎರಡೂ ಕೈ ಖಾಲಿ ಇರಬೇಕು. ಬೋಟಿನವ ನಿಮ್ಮ ಮುಂಗೈ ಹಿಡೀತಾನ, ನೀವೂ ಅವನ ಮುಂಗೈ ಹಿಡೀರಿ. ಬೆರಳು ಹಿಡದ್ರ ಜಾರ್ತಾವ. ಹೆಣ್ಮಕ್ಕಳು ಆವತ್ತು ಚೂಡಿದಾರ ಹಾಕ್ಕೊಂಡ್ರ ಚಲೋ, ನೆರಿಗಿ ಕಾಲಾಗ ಸಿಗಂಗಿಲ್ಲ."

"ಕೈ ಖಾಲಿ ಮಾಡ್ಕೊಳ್ರಿ ಅನ್ನೋರು ಯಾರು? ಕಿಸೆಗಳ್ಳರು," ಎಂದು ಪಕೀರಪ್ಪ ಪಕ್ಕದ ಯಲ್ಲಾಲಿಂಗನ ಕಿವಿಯಲ್ಲಿ ಉಸುರಿದ. ಯಲ್ಲಾಲಿಂಗ ಅವರ ಓಣಿಯವನೇ, ನಿವೃತ್ತ ಮಾಸ್ತರ, ಪ್ರಯಾಣಕ್ಕೆ ಹೆಸರು ಕೊಟ್ಟಿದ್ದವನು. ಅವನು ನಕ್ಕ.

"ಹಡಗು ಹತ್ತೋ ದಿನ ಒಗ್ಗರಣಿ, ಮಿರ್ಚಿ ಭಜಿ ಕಡಿಗಿ ಹೊಳ್ಳಿ ನೋಡಬ್ಯಾಡ್ರಿ," ಎಂದಾಗ ಸಭೆಯೆಲ್ಲ ನಕ್ಕಿತು. "ನಗಬ್ಯಾಡ್ರಿ, ಹೊಟ್ಟಿ ತುಂಬಿದವ್ರಿಗೇ ಸಮುದ್ರ ಹೆಚ್ಚು ಕಾಡ್ತದ. ಹತ್ತೋಕಿಂತ ಮೊದಲು ಡಾಕ್ಟರನ್ನ ಕೇಳಿ ಗುಳಿಗಿ ತಗೊಳ್ರಿ, ವಾಂತಿ ಶುರುವಾದ ಮ್ಯಾಲ ತಗೊಂಡ್ರ ಉಪಯೋಗ ಇಲ್ಲ. ತಲಿ ತಿರಗಿದ್ರ ಕೋಣ್ಯಾಗ ಮಕ್ಕೋಬ್ಯಾಡ್ರಿ, ಹೊರಗ ಬಂದು ದೂರದ ನೀರು ಆಕಾಶ ಕೂಡೋ ಕಡಿ ನೋಡ್ರಿ. ದ್ವೀಪದಾಗ ಹವಳ, ಕಲ್ಲು ಎತ್ತಿಕೊಂಡು ಬರಬ್ಯಾಡ್ರಿ, ಕೇಸ್ ಆಗ್ತದ. ಮತ್ತ ನಡು ಸಮುದ್ರದಾಗ ಫೋನ್ ಹತ್ತಂಗಿಲ್ಲ, ಮನ್ಯಾಗ ಮೊದಲೇ ಹೇಳಿ ಬರ್ರಿ."

"ರೊಟ್ಟಿ ತರಬಹುದೇನವ್ವ?" ಸೂಗಮ್ಮ ಕೇಳಿದಳು. ಬುತ್ತಿ ಕಟ್ಟಿಕೊಳ್ಳದೆ ಊರ ಗಡಿ ದಾಟುವುದು ಆಕೆಯ ಜನ್ಮದಲ್ಲಿಲ್ಲ.

"ಕಟಕ ರೊಟ್ಟಿ ಮೆತ್ತನ ಬ್ಯಾಗಿನ್ಯಾಗ ಪುಡಿ ಆಗ್ತಾವ ಚಿಗವ್ವಾ. ಸ್ಟೀಲ್ ಡಬ್ಬ್ಯಾಗ ಹಾಕಿ ತರ್ರಿ, ಹಡಗಿನವರು ಒಲ್ಲೆ ಅಂದ್ರ ಕೊಚ್ಚಿನ್‌ನಾಗೇ ತಿಂದು ಮುಗಸೂಣು."

ಸೂಗಮ್ಮ ಅಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ನಗುತ್ತಿದ್ದಳು. ಪಕೀರಪ್ಪನ ತಲೆಯಲ್ಲಿ ಫೋನಿನ ಮಾತೇ ಕೊರೆಯುತ್ತಿತ್ತು. ಯಾರಿಗೂ ಫೋನ್ ಹತ್ತದ ಜಾಗಕ್ಕೆ ಮುದುಕರನ್ನು ಕರೆದುಕೊಂಡು ಹೋಗಿ, ಕೈ ಖಾಲಿ ಮಾಡಿಸಿ, ಬೋಟಿಗೆ ಇಳಿಸುವ ಈ ಹುಡುಗಿ ಯಾರು? ಅವಳನ್ನೇ ಕೇಳಿದರೆ ಮುಗಿಯುತ್ತಿತ್ತು. ಆದರೆ ಬಸ್ಸಿನಲ್ಲಿ ಕಳ್ಳನನ್ನು ಹಿಡಿಯಬೇಕಾದರೆ ಮೊದಲು ಅವನನ್ನು ಕೇಳಬಾರದು, ಅವನ ಪಕ್ಕ ಕೂತವನನ್ನು ಕೇಳಬೇಕು. ಇದು ಪಕೀರಪ್ಪನ ಪಾಠ.

ಮರುದಿನ ಹಳೆಯ ಖಾಕಿ ಪ್ಯಾಂಟು ತೊಟ್ಟ. ಬಟ್ಟೆ ಗಟ್ಟಿ ಇದೆ, ಸುಮ್ಮನೆ ಹಾಳು ಮಾಡುವುದೇಕೆ ಎಂದು ಅದನ್ನೇ ಹಾಕುತ್ತಿದ್ದ. ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ದೇವದುರ್ಗದ ಬಸ್ಸು ಹತ್ತಿದ. ಅಲ್ಲಿ ಹಂಪಣ್ಣ ಎಂಬ ಬಟ್ಟೆ ಅಂಗಡಿಯವನು ಹೋದ ವರ್ಷ ಹೆಂಡತಿಯೊಂದಿಗೆ ಇದೇ ನೇತ್ರಾವತಿಯ ಗುಂಪಿನಲ್ಲಿ ಹೋಗಿ ಬಂದಿದ್ದ.

"ಎಲ್ಲಿ ಹತ್ತಿದ್ರಿ, ಎಲ್ಲಿ ಇಳದ್ರಿ?" ಪಕೀರಪ್ಪ ನೇರವಾಗಿ ಕೇಳಿದ. ತಾನು ಯಾರು ಎಂದು ಹೇಳಲಿಲ್ಲ. ಕೇಳುವವನು ಹೆಸರು ಹೇಳುವ ಪದ್ಧತಿ ಅವನಿಗಿಲ್ಲ.

ಹಂಪಣ್ಣ ಖಾಕಿ ನೋಡಿ ಗಲ್ಲಾ ಪೆಟ್ಟಿಗೆಯ ಹಿಂದಿನಿಂದ ಎದ್ದೇ ನಿಂತ. "ಕೊಚ್ಚಿನ್‌ನಾಗ ಹತ್ತಿದ್ವಿ ಸಾಹೇಬ್ರ. ಎಲ್ಲಾ ಬರೋಬ್ಬರಿ ಆತು."

"ಎರಡನೇ ದಿನ ಯಾವ ದ್ವೀಪ?"

"ಅದು... ಕವರತ್ತಿ ಇರಬೇಕ್ರಿ."

ಪಕೀರಪ್ಪ ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ ನೀರು ಕೇಳುವ ನೆವದಲ್ಲಿ ಹಂಪಣ್ಣನ ಹೆಂಡತಿಯನ್ನೂ ಅದನ್ನೇ ಕೇಳಿದ. "ಕಲ್ಪೇನಿ ರೀ," ಎಂದಳು ಆಕೆ. ಪಕೀರಪ್ಪನ ಕಿವಿ ನೆಟ್ಟಗಾಯಿತು. ಒಂದೇ ಹಡಗು, ಒಂದೇ ದಿನ, ಗಂಡನಿಗೊಂದು ದ್ವೀಪ, ಹೆಂಡತಿಗೊಂದು ದ್ವೀಪ. ಇವರು ಹೋಗಿಯೇ ಇಲ್ಲ, ಯಾರೋ ಹೇಳಿಕೊಟ್ಟ ಮಾತು ಒಪ್ಪಿಸುತ್ತಿದ್ದಾರೆ! ಅವನು ಅಂಗಡಿಯ ಬೆಂಚನ್ನು ಪೆನ್ನಿನಿಂದ ಟಕಟಕ ಬಡಿಯುತ್ತ ಹಂಪಣ್ಣನನ್ನೇ ನೋಡುತ್ತ ನಿಂತ. ಹಂಪಣ್ಣ ಮುಖ ಕೆಂಪಗೆ ಮಾಡಿಕೊಂಡು ಸೀರೆ ಮಡಚತೊಡಗಿದ.

ಅಲ್ಲಿಂದ ಮಾನ್ವಿ. ನೇತ್ರಾವತಿಯ ಮನೆಯ ಎದುರಿಗೆ ಹಾಜಿರಾ ಬೀಯ ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದವರು ನಾಲ್ಕಾರು ಮಂದಿ ಕೂತಿದ್ದರು.

"ಎದುರಿನ ಹುಡುಗಿ ಯಾವಾಗಿಂದ ಈ ಧಂದೆ ಮಾಡಾಕತ್ತಾಳ? ಬೋರ್ಡು ಯಾಕಿಲ್ಲ?" ಎಂದು ಪಕೀರಪ್ಪ ಕೇಳಿದ.

"ಕ್ಯೂಂ ಸಾಬ್, ಏನಾಗ್ಯದ?" ಹಾಜಿರಾ ಬೀ ಗಿರಣಿ ನಿಲ್ಲಿಸಿದಳು.

"ಏನಿಲ್ಲ, ಸುಮ್ನ ಕೇಳಾಕತ್ತೀನಿ."

ಖಾಕಿ ತೊಟ್ಟವನು ಸುಮ್ಮನೆ ಕೇಳುತ್ತೇನೆ ಎಂದರೆ ಯಾರಾದರೂ ನಂಬುತ್ತಾರೆಯೇ? ಇಷ್ಟು ವರ್ಷ ಜನರ ಮುಖ ಓದಿದ ಮನುಷ್ಯನಿಗೆ ತನ್ನ ಮುಖ ಅವರಿಗೆ ಹೇಗೆ ಕಾಣುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ. ಎಲ್ಲ ನೋಡಿಕೊಂಡೆ, ಇನ್ನೊಂದು ಸುತ್ತು ಬಂದರೆ ಸಿಕ್ಕಿಬೀಳುತ್ತಾಳೆ ಎಂದು ಹಿಗ್ಗುತ್ತ ಊರಿಗೆ ಮರಳಿದ.

ಆ ವಾರದ ಕೊನೆಗೆ ಯಲ್ಲಾಲಿಂಗ ಮಾಸ್ತರ ಏದುಸಿರು ಬಿಡುತ್ತ ಮನೆಗೆ ಬಂದ.

"ಪಕೀರಣ್ಣಾ, ನಾ ಹೆಸರು ತಗಸಿದೆ. ನೀನೂ ತಗಸು. ಆ ಹುಡುಗಿ ಮ್ಯಾಲ ಎನ್‌ಕ್ವಯರಿ ನಡದದ!"

"ಹೌದಾ?" ಪಕೀರಪ್ಪ ಕುರ್ಚಿಯ ತುದಿಗೆ ಬಂದ.

"ದೊಡ್ಡ ಆಫೀಸರ್ ಬಂದಿದ್ದನಂತ. ಮಾನ್ವ್ಯಾಗ ಆಕಿ ಮನಿ ಮುಂದ ನಿಂತು ಎಲ್ಲಾ ತಪಾಸ್ ಮಾಡ್ಯಾನ. ದೇವದುರ್ಗದಾಗ ಗಂಡ ಹೆಂಡ್ತೀನ ಬ್ಯಾರೆ ಬ್ಯಾರೆ ಕುಂದರಿಸಿ ಹೇಳಿಕಿ ತಗೊಂಡ್ರ ಇಬ್ಬರ ಮಾತೂ ಒಂದಕ್ಕೊಂದು ಕೂಡವಲ್ಲವಂತ. ಅರ್ಧಕ್ಕರ್ಧ ಜನ ಆಗಲೇ ಹಿಂದ ಸರಿದಾರ."

ಪಕೀರಪ್ಪನ ಹೊಟ್ಟೆ ತಣ್ಣಗಾಯಿತು. ತನಗೊಬ್ಬನಿಗೇ ಅನ್ನಿಸಿದ್ದಲ್ಲ, ಸರಕಾರಕ್ಕೂ ಅನ್ನಿಸಿದೆ! "ನಾ ಹೇಳಿದ್ದಿಲ್ಲೇನು? ಏನ್ ಬೇ ಸೂಗಮ್ಮಾ, ಬಾ ಇಲ್ಲಿ, ಕೇಳು!" ಎಂದು ಅಡುಗೆಮನೆಯತ್ತ ಕೂಗಿದ.

ಸೂಗಮ್ಮ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಮಾಸ್ತರ್ರ, ಆ ಆಫೀಸರ್ ಹೆಂಗಿದ್ನಂತ?" ಎಂದಳು.

"ಎತ್ತರ ಆಳು, ಬಿಳಿ ಮೀಸಿ. ಖಾಕಿ ಪ್ಯಾಂಟು. ಮಾತಾಡ್ತ ಮಾತಾಡ್ತ ಪೆನ್ನಿಲೆ ಟಕಟಕ ಬಡೀತಾನಂತ."

ಕುರ್ಚಿಯ ಹಿಡಿಯನ್ನು ಬಡಿಯುತ್ತಿದ್ದ ಪಕೀರಪ್ಪನ ಪೆನ್ನು ಅಲ್ಲಿಗೇ ನಿಂತಿತು. ಸರಕಾರವೂ ಇಲ್ಲ, ಆಫೀಸರನೂ ಇಲ್ಲ. ತನ್ನದೇ ಸಂಶಯ ಊರೂರು ತಿರುಗಿ, ಉಪ್ಪು ಖಾರ ಹಚ್ಚಿಸಿಕೊಂಡು, ಸಾಕ್ಷಿಯಾಗಿ ತನ್ನ ಮನೆಗೇ ಬಂದು ಕೂತಿತ್ತು. ಅದನ್ನು ತಾನು ಬಾ ಎಂದು ಕರೆದು ಕೂರಿಸಿಕೊಂಡಿದ್ದ.

ಸೂಗಮ್ಮ ಮಾಸ್ತರನನ್ನು ಬಾಗಿಲವರೆಗೆ ಕಳಿಸಿ ಬಂದಳು. ಆಮೇಲೆ ನೇತ್ರಾವತಿಗೆ ಫೋನ್ ಹಚ್ಚಿ, ಗಂಡನಿಗೂ ಕೇಳುವಂತೆ ಸ್ಪೀಕರ್ ಮಾಡಿದಳು.

"ಚಿಗವ್ವಾ, ಭಾನುವಾರದೊಳಗ ಹಿಂದ ಸರದವ್ರು ಬರಲಿಲ್ಲಂದ್ರ ಬುಕಿಂಗ್ ಹೋಗ್ತದ," ಆ ಹುಡುಗಿಯ ದನಿ ಸೋತಿತ್ತು. "ಅಂವ ಯಾರೋ ನಮ್ಮ ಮನಿ ಬಾಗಿಲಾ ಬಡದು ನನ್ನ ಕೇಳಿದ್ರ ಲೈಸೆನ್ಸ್, ಪರ್ಮಿಟ್ ಎಲ್ಲಾ ತೋರಸ್ತಿದ್ದೆ. ಎದರಗಿನವ್ರನ್ನ ಕೇಳಿ ಹೋಗ್ಯಾನ. ಈಗ ಯಾರ್ಗೇನು ತೋರಸ್ಲಿ?"

ಫೋನು ಇಟ್ಟ ಮೇಲೆ ಪಕೀರಪ್ಪನಿಗೆ ಹೆಂಡತಿಯ ಮುಖ ನೋಡಲು ನಾಚಿಕೆಯಾಯಿತು. "ನಿನ್ನ ಸಲುವಾಗೇ ನೋಡಾಕ ಹೋಗಿದ್ದೆ," ಎಂದ.

"ನಾ ಸಂತಿಯಿಂದ ಬಂದ್ರೂ ಹಿಂಗ ನನ್ನ ಸಲುವಾಗೇ ಕೇಳ್ತೀರಿ. ಎಲ್ಲಿ ಇಳದಿ, ಯಾರು ಸಿಕ್ಕಿದ್ರು, ಯಾಕ ತಡ ಆತು. ನಾನೂ ಹೇಳ್ಕೋತ ಬಂದೀನಿ." ಆಕೆಯ ಕಣ್ಣು ತುಂಬಿದ್ದವು, ದನಿ ಮಾತ್ರ ಏರಲಿಲ್ಲ. "ಹೋಗ್ರಿ. ಎಲ್ಲೆಲ್ಲಿ ಕೇಳೀರಿ ಅಲ್ಲೆಲ್ಲಾ ಹೋಗಿ, ಅದು ನಾನೇ ಅಂತ ಹೇಳಿ ಬರ್ರಿ."

ಬೆಳಿಗ್ಗೆ ಪಕೀರಪ್ಪ ಬಿಳಿ ಧೋತರ ಉಟ್ಟು ಹೊರಟ. ದೇವದುರ್ಗದಲ್ಲಿ ಹಂಪಣ್ಣ ಅವನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದ.

"ಸಾಹೇಬ್ರ, ಖರೇ ಹೇಳ್ತೀನಿ. ಆಕಿ ಬ್ಯಾಡ ಅಂದ್ರೂ ನಾ ಮಿರ್ಚಿ ಪೊಟ್ಟಣ ಕಟಗೊಂಡು ಹಡಗು ಹತ್ತಿದೆ. ಎರಡು ದಿನ ತಲಿ ಎತ್ತಲಿಲ್ಲ. ಹೆಂಡ್ತಿ ದ್ವೀಪ ನೋಡಿ ಬಂದ್ಲು, ನಾ ಬಕೀಟು ನೋಡಿದೆ. ಊರಾಗ ಮರ್ಯಾದಿ ಹೋಗ್ತದಂತ ಎಲ್ಲಾ ನೋಡೀನಿ ಅಂದೀನಿ. ಇದಕ್ಕೂ ಕೇಸ್ ಆಗ್ತದೇನ್ರಿ?"

"ನಾನು ಆಫೀಸರ್ ಅಲ್ಲಪ್ಪಾ. ಬಸ್ಸಿನ ಚೆಕಿಂಗ್‌ನವ. ಅದೂ ರಿಟೈರ್ ಆದವ," ಎಂದು ಪಕೀರಪ್ಪ ಕೈ ಮುಗಿದ. ಹಂಪಣ್ಣ ಅರ್ಥವಾಯಿತೆಂಬಂತೆ ತಲೆಯಾಡಿಸಿ ಚಹಾ ತರಿಸಿದ, ಹೋಗುವಾಗ ಮತ್ತೆ ಎದ್ದು ನಿಂತು ಸಾಹೇಬ್ರ ಎಂದೇ ಕಳಿಸಿಕೊಟ್ಟ.

ಮಾನ್ವಿಯ ಗಿರಣಿಯಲ್ಲಿ ಮಂದಿ ಹೆಚ್ಚಿತ್ತು. ಪಕೀರಪ್ಪ ನಡುವೆ ನಿಂತು ಗಟ್ಟಿಯಾಗಿ ಹೇಳಿದ. "ಮೊನ್ನೆ ಬಂದಾಂವ ನಾನೇ. ಎನ್‌ಕ್ವಯರಿ ಇಲ್ಲ, ಏನಿಲ್ಲ. ನಾನೂ ಆಕಿ ಜೋಡಿ ಹಡಗಿಗಿ ಹೊಂಟಾಂವ. ಸುಳ್ಳೇ ಸಂಶಯ ಮಾಡಿದೆ. ಆ ಹುಡುಗೀದು ಏನೂ ತಪ್ಪಿಲ್ಲ."

ಗಿರಣಿ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಜಿರಾ ಬೀ ಸೆರಗಿನಿಂದ ಹಿಟ್ಟು ಒರೆಸಿಕೊಳ್ಳುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಖಾಕಿ ಹೋಗಿ ಧೋತರ ಬಂದದ್ದೂ ಆಕೆಯ ಕಣ್ಣಿಗೆ ಬಿತ್ತು.

"ಆಕಿ ಏನ್ ಕೊಟ್ಟಳು ಸಾಬ್?" ಎಂದು ಮೆಲ್ಲಗೆ ಕೇಳಿದಳು.

ಯಾರೋ ನಕ್ಕರು. ಪಕೀರಪ್ಪ ಆಣೆ ಮಾಡಿದ, ಆಧಾರ್ ಕಾರ್ಡು ತೆಗೆದು ತೋರಿಸಿದ, ಹೆಂಡತಿಯ ಹೆಸರು ಹೇಳಿದ. ಒಂದೊಂದು ಹೇಳಿದಂತೆ ಕೂತವರ ಹುಬ್ಬು ಇನ್ನಷ್ಟು ಮೇಲೇರಿದವು. ಇಷ್ಟೊಂದು ತೋರಿಸುವವನ ಕೈಯಲ್ಲಿ ಟಿಕೆಟ್ ಇರುವುದಿಲ್ಲ ಎಂದು ತಾನೇ ಎಷ್ಟೋ ಹೊಸ ತಪಾಸಣೆಗಾರರಿಗೆ ಕಲಿಸಿಕೊಟ್ಟಿದ್ದ. ಅವರ ಜಾಗದಲ್ಲಿ ತಾನಿದ್ದರೂ ನಂಬುತ್ತಿರಲಿಲ್ಲ. ಎದುರುಮನೆಯ ಬಾಗಿಲಲ್ಲಿ ನೇತ್ರಾವತಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋದಳು.

ಸಂಜೆಯ ಬಸ್ಸಿನಲ್ಲಿ ಯಲ್ಲಾಲಿಂಗನ ಫೋನು ಬಂತು. ಆ ಹುಡುಗಿ ಆಫೀಸರನನ್ನೂ ಕೊಂಡುಕೊಂಡಳಂತೆ, ಉಳಿದವರೂ ಹೆಸರು ತೆಗೆಸಿದರಂತೆ ಎಂದು ಒಂದೇ ಉಸಿರಿಗೆ ಹೇಳಿದ. ಭಾನುವಾರದವರೆಗೆ ಕಾಯುವ ಅಗತ್ಯವೂ ಉಳಿಯಲಿಲ್ಲ.

ಮನೆಯಲ್ಲಿ ಸೂಗಮ್ಮ ಹೊಸ ಚೂಡಿದಾರವನ್ನು ಮಡಚುತ್ತ ಕೂತಿದ್ದಳು. ಅವಳಿಗೂ ಸುದ್ದಿ ಮುಟ್ಟಿತ್ತು.

"ಎಲ್ಲಾ ಕಡಿ ಹೋಗಿ ಹೇಳಿದೆ. ಯಾರೂ ನಂಬಲಿಲ್ಲ," ಎಂದ ಪಕೀರಪ್ಪ ಹೊಸ್ತಿಲಲ್ಲೇ ನಿಂತು.

ಸೂಗಮ್ಮ ತಲೆ ಎತ್ತಿದಳು. ಅವನ ಧೂಳಾದ ಕಾಲು ನೋಡಿದಳು, ಧೋತರ ನೋಡಿದಳು, ಮುಖದ ಮೇಲೆ ಬಹಳ ಹೊತ್ತು ಕಣ್ಣಿಟ್ಟಳು. ಕೋಪವಿರಲಿಲ್ಲ. ಅವನು ಒಂದು ಆಯುಷ್ಯವೆಲ್ಲ ಅವಳನ್ನು ನೋಡಿದ ಹಾಗೆಯೇ ನೋಡಿದಳು.

"ಖರೇನ ಹೋಗಿದ್ರೇನು?" ಎಂದು ಕೇಳಿದಳು.