ತೊಳೆದ ಕೈ, ಆಡಿದ ನಾಲಿಗೆ

ಆ ಬೀದಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಜನ ಮೊದಲು ಬಡಿಯುತ್ತಿದ್ದದ್ದು ಹಾಸಿಗೆ ಚಿಕ್ಕಮ್ಮನ ಬಾಗಿಲನ್ನು. ಗಂಡ ಹತ್ತಿ ಹಿಂಜುತ್ತಿದ್ದ, ಅವಳು ಹಾಸಿಗೆ-ದಿಂಬು ಹೊಲಿಯುತ್ತಿದ್ದಳು. ಹಾಗಾಗಿ ಆ ಹೆಸರು. ಕರೆ ಬಂದರೆ ಹೊಲಿಗೆ ಅಲ್ಲಿಗೇ ನಿಲ್ಲಿಸಿ ಏಳುವಳು. ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಿ, ಕಫನ್ ಬಟ್ಟೆ ಉಡಿಸಿ, ಕಾಸು ಮುಟ್ಟದೆ ಮನೆಗೆ ಬರುವಳು. ಯಾರಾದರೂ ಒತ್ತಾಯ ಮಾಡಿದರೆ, "ಇದರ ಕೂಲಿ ಕೊಡೋನು ಬೇರೆ ಇದಾನೆ ಬಿಡಿ" ಎನ್ನುವಳು.

ಜನ ನಂಬಿದ್ದು ಅವಳ ಕೈಯನ್ನಲ್ಲ, ಬಾಯಿಯನ್ನು. ಈ ಕೆಲಸ ಕಲಿಸಿದವರು ಮಸೀದಿಯ ಇಮಾಮರ ತಾಯಿ. ಬೀದಿಗೆಲ್ಲ ಅವರು ಅಜ್ಜಿ. ಕಲಿಸಿದ ದಿನವೇ ಅಜ್ಜಿ ಹೇಳಿದ್ದರು: "ನೀರು ಹಾಕೋದನ್ನ ಯಾರು ಬೇಕಾದ್ರೂ ಕಲೀತಾರೆ. ಒಳಗೆ ಕಂಡದ್ದು ಹೊಸಿಲು ದಾಟಬಾರದು, ಇದರಲ್ಲಿರೋ ವಿದ್ಯೆ ಅಷ್ಟೇ. ಇನ್ನೊಬ್ಬರ ಕೊರತೆ ಮುಚ್ಚಿದವಳ ಕೊರತೇನ ಅಲ್ಲಾಹ್ ಮುಚ್ತಾನೆ." ಚಿಕ್ಕಮ್ಮ ಹಾಗೆಯೇ ನಡೆದುಕೊಂಡು ಬಂದಿದ್ದಳು. ಯಾರ ಮೈಮೇಲೆ ಬರೆಯಿತ್ತು, ಯಾರ ಬೆನ್ನಲ್ಲಿ ಹುಣ್ಣಿತ್ತು ಎಂಬುದು ಕಟ್ಟಿಕೊಂಡ ಗಂಡನಿಗೂ ಗೊತ್ತಿರಲಿಲ್ಲ. ರಿಪೇರಿಗೆ ಬಂದ ಹಾಸಿಗೆಗಳ ಕಲೆಗಳ ಬಗ್ಗೆಯೂ ಅವಳು ತುಟಿ ಬಿಚ್ಚಿದವಳಲ್ಲ.

ಆದರೆ ಅವಳ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಬೀದಿಯ ಕೊನೆಯ ಮನೆಯಲ್ಲಿ ಬಣ್ಣ ಬಳಿಯುವವನ ಹೆಂಡತಿ ಇದ್ದಳು. ಸದಾ ರೇಷ್ಮೆಯ ಹೊದಿಕೆ ಹೊದ್ದು, ತಲೆ ಎತ್ತಿ ನಡೆಯುವವಳು. ಹೆಂಗಸರು ಬೆನ್ನ ಹಿಂದೆ ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟಿದ್ದರು. ಒಂದು ಸಲ ಅಂಗಡಿ ತುಂಬ ಗಿರಾಕಿಗಳಿರುವಾಗ ಈ ಮಹಾರಾಣಿ ದಿಂಬೊಂದನ್ನು ವಾಪಸು ತಂದು, "ಇದೇನು ಹೊಲಿಗೆಯೋ, ಇರುವೆ ಸಾಲೋ? ಬಿಚ್ಚಿ ಸರಿಯಾಗಿ ಹಾಕಿಕೊಡಿ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಚಿಕ್ಕಮ್ಮನೂ ನಕ್ಕಿದ್ದಳು, ಹಲ್ಲು ಕಚ್ಚಿಕೊಂಡು.

ಆ ಮಹಾರಾಣಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತೀರಿಕೊಂಡಳು.

ಸ್ನಾನದ ಕೋಣೆಯಲ್ಲಿ ಇದ್ದವರು ಇಬ್ಬರೇ: ಚಿಕ್ಕಮ್ಮ, ಮತ್ತು ನೀರು ಎತ್ತಿಕೊಡಲು ನಿಂತ, ತೀರಿಕೊಂಡವಳ ಮಗಳು. ಚಿಕ್ಕಮ್ಮ ಮೈಮೇಲೆ ದಪ್ಪ ಬಟ್ಟೆ ಹೊದಿಸಿ, ಅದರ ಅಡಿಯಲ್ಲೇ ಕೈಯಾಡಿಸಿ, ತೊಟ್ಟದ್ದನ್ನು ಒಂದೊಂದಾಗಿ ತೆಗೆದಳು. ರೇಷ್ಮೆಯ ಒಳಗಿನಿಂದ ಬಂದ ಲಂಗ ತೇಪೆಯ ಮೇಲೆ ತೇಪೆ. ಮೂಲ ಬಟ್ಟೆ ಯಾವುದೆಂದು ಹುಡುಕಬೇಕಿತ್ತು. ಮಗಳು ಸರಕ್ಕನೆ ಅದನ್ನು ಎಳೆದುಕೊಂಡು ಮಡಚಿ, ಬೆನ್ನ ಹಿಂದೆ ಹಿಡಿದಳು. ಅವಳ ಮುಖ ಕೆಂಪಾಗಿತ್ತು.

ಚಿಕ್ಕಮ್ಮ ಅವಳ ತಲೆ ಸವರಿ, "ನಾನೇನೂ ನೋಡಿಲ್ಲ ಮಗಳೇ. ನೀರು ಕೊಡು" ಎಂದಳು.

ಹಾಗೆ ಹೇಳುವಾಗಲೇ ಒಳಗೆಲ್ಲೋ ಒಂದು ಸಣ್ಣ ಖುಷಿ ಇಣುಕಿತ್ತು. ಕರ್ಪೂರದ ನೀರು ಹಾಕುವ ಹೊತ್ತಿಗೆ ಅವಳು ಅದನ್ನು ಮರೆತಂತೆ ಮಾಡಿದಳು.

ವಾರ ಕಳೆದಿರಲಿಲ್ಲ. ಚಿಕ್ಕಮ್ಮನೂ ನಾದಿನಿಯೂ ಒಂದೇ ಹಾಸಿಗೆಯ ಎರಡು ಅಂಚು ಹಿಡಿದು ಹೊಲಿಯುತ್ತಿದ್ದರು. ನಾದಿನಿ ನಿಟ್ಟುಸಿರು ಬಿಟ್ಟಳು.

"ಏನೇ ಹೇಳಿ ಅತ್ತಿಗೆ, ಅವಳ ಠೀವಿ ನಮಗೆಲ್ಲ ಬರಲ್ಲ. ಸಾಯೋವರೆಗೂ ರಾಣಿ ಹಾಗೇ ಇದ್ಲು."

ಚಿಕ್ಕಮ್ಮನ ಬಾಯಿಂದ ಬಾಣ ಬಿಟ್ಟಂತೆ ಬಂತು: "ಯಾವ ರಾಣಿ? ಮೇಲೆ ರೇಷ್ಮೆ, ಒಳಗೆ ತೇಪೆ!"

ನಾದಿನಿಯ ಸೂಜಿ ನಿಂತಿತು. "ಅಯ್ಯೋ, ಹೌದಾ?"

ಚಿಕ್ಕಮ್ಮ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತೇಪೆಗಳ ಬಣ್ಣವನ್ನೂ ಹೇಳಿದಳು. ಆಮೇಲೆ, "ಯಾರ ಹತ್ರನೂ ಬಾಯಿ ಬಿಡ್ಬೇಡ" ಎಂದಳು.

"ನನ್ನ ಬಾಯಿಗೆ ಬೀಗ ಅತ್ತಿಗೆ" ಎಂದಳು ನಾದಿನಿ. ಆ ಬೀಗಕ್ಕೆ ಮನೆಗೊಂದು ಕೀಲಿ ಇತ್ತೆಂದು ಚಿಕ್ಕಮ್ಮನಿಗೆ ತಿಳಿಯದ್ದೇನಲ್ಲ.

ಮಾತಿಗೆ ಪ್ರಾಸ ಬೇರೆ ಇತ್ತು, ಕಾಲು ಬೇಗ ಬಂತು. ಸ್ವಲ್ಪ ದಿನದಲ್ಲೇ ತರಕಾರಿಯವಳು ಚಿಕ್ಕಮ್ಮನ ಅಂಗಡಿ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಕಣ್ಣು ಮಿಟುಕಿಸಿ, ಅವಳಿಗೇ ಹೇಳಿದಳು: "ಕೇಳಿದ್ರಾ ಚಿಕ್ಕಮ್ಮ? ಮೇಲೆ ರೇಷ್ಮೆ, ಒಳಗೆ ತೇಪೆ ಅಂತೆ!" ತನ್ನದೇ ಮಾತು ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸು ಎಂದು ಚಿಕ್ಕಮ್ಮನಿಗೆ ಗೊತ್ತಾಯಿತು.

ಮಾರನೆಯ ದಿನ ತೀರಿಕೊಂಡವಳ ಮಗಳೇ ಬಂದಳು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಚಿಕ್ಕಮ್ಮನ ಮುಂದೆ ಇಟ್ಟು ಬಿಚ್ಚಿದಳು. ಒಗೆದು ಮಡಚಿದ ಹಳೆಯ ಒಳಲಂಗಗಳು.

"ನಿನ್ನೆ ಬೀದಿ ಹೆಂಗಸರು ತಂದುಕೊಟ್ರು. 'ಸಂಕೋಚ ಪಟ್ಕೋಬೇಡಮ್ಮ, ನಮಗೆಲ್ಲ ಗೊತ್ತು' ಅಂದ್ರು." ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಚಿಕ್ಕಮ್ಮನಿಗೆ ಸುಲಭವಾಗುತ್ತಿತ್ತು. "ಆ ಕೋಣೆಲಿ ಇದ್ದದ್ದು ನಾವಿಬ್ರೇ. ನಾನು ಹೇಳಿಲ್ಲ."

ಚಿಕ್ಕಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದು ನಿಂತಳು.

"ಇವು ನಿಮಗೆ ದಿಂಬಿನೊಳಗೆ ತುಂಬೋಕಾದ್ರೂ ಆಗ್ತಾವೆ" ಎಂದು ಮಗಳು ಗಂಟನ್ನು ಅಲ್ಲೇ ಬಿಟ್ಟು ಹೋದಳು.

ಆ ಮಧ್ಯಾಹ್ನ ಚಿಕ್ಕಮ್ಮ ತುತ್ತನ್ನು ಬಾಯಿಯ ತನಕ ಒಯ್ದು ಮತ್ತೆ ತಟ್ಟೆಗಿಟ್ಟಳು. ಬೆನ್ನ ಹಿಂದೆ ಆಡುವುದೆಂದರೆ ಸತ್ತವರ ಮಾಂಸ ತಿಂದ ಹಾಗೆ ಎಂದು ಚಿಕ್ಕಂದಿನಿಂದ ಕೇಳಿದ್ದಳು. ಅದು ಮಾತಿಗೆ ಹೇಳುವುದು ಎಂದುಕೊಂಡಿದ್ದಳು. ತಟ್ಟೆ ಸರಿಸಿ ಎದ್ದು ಅಜ್ಜಿಯ ಮನೆಗೆ ಹೋದಳು.

ಅಜ್ಜಿ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು. ಚಿಕ್ಕಮ್ಮ ಎಲ್ಲ ಹೇಳಿ, "ಬಾಯಿ ತಪ್ಪಿ ಬಂದುಬಿಡ್ತು ಅಜ್ಜಿ" ಎಂದಳು.

"ಬಾಯಿ ತಪ್ತಾ? ಮನಸ್ಸು ತಪ್ಪಿರ್ಲಿಲ್ವಾ?"

ಚಿಕ್ಕಮ್ಮ ತಲೆ ತಗ್ಗಿಸಿದಳು. ದಿಂಬಿನ ಕಥೆ ಹೇಳಿದಳು. ಆಮೇಲೆ, ಯಾರಿಗೂ ಹೇಳಲಾರದ್ದನ್ನೂ ಹೇಳಿದಳು: "ತೇಪೆ ಕಂಡಾಗ ನಂಗೆ ಖುಷಿ ಆಯ್ತು ಅಜ್ಜಿ. ಸತ್ತವಳ ಮೈ ಮೇಲೆ ಕೈ ಇಟ್ಕೊಂಡು ಖುಷಿಪಟ್ಟೆ."

ಅಜ್ಜಿ ಚಾಚಿದ್ದ ಕಾಲನ್ನು ಮಡಚಿಕೊಂಡರು.

"ಅದೆಲ್ಲ ಸುಳ್ಳು, ನಾನೇ ಕಟ್ಟಿ ಹೇಳಿದ್ದು ಅಂದುಬಿಡ್ಲಾ?" ಚಿಕ್ಕಮ್ಮ ಕೇಳಿದಳು.

"ಸುಳ್ಳಾಗಿದ್ರೆ ಅದು ಅಪವಾದ ಆಗ್ತಿತ್ತು. ನಿಜ ಆಗಿರೋದನ್ನ ಬೆನ್ನ ಹಿಂದೆ ಆಡೋದಕ್ಕೇ ಗೀಬತ್ ಅನ್ನೋದು. ಕೆಸರನ್ನ ಕೆಸರಲ್ಲೇ ತೊಳೀತೀಯಾ? ಬಾಯೊಳಗೆ ಹೋದದ್ದನ್ನಾದ್ರೂ ಉಗೀಬಹುದು, ಹೊರಗೆ ಹೋದದ್ದನ್ನ ನುಂಗಕ್ಕಾಗಲ್ಲ."

"ಅವಳ ಹತ್ರ ಮಾಫಿ ಕೇಳೋಣ ಅಂದ್ರೆ ಅವಳೇ ಇಲ್ವಲ್ಲ."

"ಅವಳಿಗೋಸ್ಕರ ಅಲ್ಲಾಹ್‌ನ ಹತ್ರ ಬೇಡ್ಕೊಂಡು ದುವಾ ಮಾಡು, ಅದು ಅವಳಿಗೆ ಮುಟ್ಟುತ್ತೆ. ಯಾರ ಮುಂದೆ ಅವಳನ್ನ ಇಳಿಸಿದ್ಯೋ ಅವರ ಮುಂದೇನೇ ಅವಳ ಒಳ್ಳೇದು ಆಡು. ಮೊದ್ಲು ಮಗಳ ಹತ್ರ ಹೋಗು. ಆದ್ರೆ ಮಾಫ್ ಮಾಡ್ಲೇಬೇಕು ಅಂತ ಗೋಳು ಹುಯ್ಕೋಬೇಡ. ಕೇಳೋದು ನಿನ್ನ ಪಾಲು. ಕೊಡೋದು ಬಿಡೋದು ಅವಳ ಪಾಲು."

ಚಿಕ್ಕಮ್ಮ ಬೀದಿಯ ಕೊನೆಯ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಮಗಳು ಅವಳನ್ನು ನೋಡಿ ಹೊಸಿಲಿಗೆ ಅಡ್ಡ ನಿಂತಳು. ಒಳಗಿನಿಂದ ಗಂಡಸಿನ ದನಿ ಕೇಳಿತು: "ಯಾರಮ್ಮ?"

"ಹಾಸಿಗೆ ಚಿಕ್ಕಮ್ಮ, ಅಪ್ಪ. ಅಮ್ಮನಿಗೆ ಸ್ನಾನ ಮಾಡಿಸಿದವರು."

"ಅವರಾ? ಒಳಗೆ ಕರಿ, ಒಳಗೆ ಕರಿ!"

ಬಣ್ಣ ಬಳಿಯುವವನು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಏಣಿಯಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಬಲವಿಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು. ಹೋಗಿ ನೋಡಿದವರು ಕಡಿಮೆ. ಅವನು ಮೊಣಕೈ ಊರಿ ಏಳಲು ಹೆಣಗಿ ಸಲಾಮ್ ಹೇಳಿದ.

"ಕೂತ್ಕೊಳ್ಳಿ. ನಿಮ್ಮನ್ನ ನೋಡಿ ಒಂದು ಮಾತು ಹೇಳ್ಬೇಕು ಅಂತಿದ್ದೆ. ನಾನು ಮೂಲೆ ಹಿಡಿದ ಮೇಲೂ ನನ್ನ ಹೆಂಡ್ತಿ ಒಂದಿನ ಮಾಸಿದ್ದು ಉಡ್ಲಿಲ್ಲ. 'ಎಲ್ಲಾ ಇದೆ, ನೀವು ಸುಮ್ನಿರಿ' ಅಂತಿದ್ಲು. ಅವಳನ್ನ ನೋಡಿದ್ರೆ ನಾನಿನ್ನೂ ದುಡೀತಾನೇ ಇದೀನಿ ಅನ್ನಿಸ್ತಿತ್ತು." ಅವನು ನಕ್ಕ. "ನಿಮ್ಮ ಬಗ್ಗೆನೂ ಹೇಳಿದ್ಲು. 'ನಾನು ಹೋದ್ರೆ ಅವರನ್ನೇ ಕರೀರಿ. ಹೊಲಿಗೆ ಸೊಟ್ಟ, ಆದ್ರೆ ಬಾಯಿ ಗಟ್ಟಿ ಹೆಂಗಸು' ಅಂತ. ಬೇಜಾರು ಮಾಡ್ಕೋಬೇಡಿ, ಅವಳ ಮಾತೇ ಹಾಗೆ."

ಚಿಕ್ಕಮ್ಮನಿಗೆ ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು. ಮಗಳು ಚಹಾ ತಂದಿಟ್ಟಳು. ಆ ಮನುಷ್ಯನ ಎದುರಿಗೆ ಅದನ್ನು ಕುಡಿಯದಿರುವಂತಿಲ್ಲ. ಕೊನೆಯ ಗುಟುಕಿನವರೆಗೂ ಕುಡಿದಳು.

ಹೊರಡುವಾಗ ಮಗಳು ಹೊರಬಾಗಿಲನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡಳು.

"ಅಪ್ಪನಿಗೆ ತೇಪೆ ವಿಷಯ ಇವತ್ತಿಗೂ ಗೊತ್ತಿಲ್ಲ. ನಿಮ್ಮ ವಿಷಯನೂ ಗೊತ್ತಿಲ್ಲ. ಹೇಳೋದೂ ಇಲ್ಲ. ಅವರಿಗೆ ನಿಮ್ಮ ಮೇಲೆ ಗೌರವ ಇದೆ, ಅದು ಇರ್ಲಿ."

"ಮಾಫ್ ಮಾಡು ಮಗಳೇ" ಎಂದಳು ಚಿಕ್ಕಮ್ಮ. "ನಿನ್ನ ಮುಂದೆ ನೋಡಿಲ್ಲ ಅಂದೆ. ಆಮೇಲೆ..."

"ಈಗ ಆಗಲ್ಲ ಚಿಕ್ಕಮ್ಮ. ಮನಸ್ಸಿಗಾಗದೆ ಮಾಫ್ ಮಾಡ್ದೆ ಅಂದ್ರೆ ಸುಳ್ಳಾಗುತ್ತೆ."

ಆ ವಾರ ಅಜ್ಜಿಯ ಮನೆಯ ಜಗಲಿಯಲ್ಲಿ ಹೆಂಗಸರು ಎಂದಿನಂತೆ ನಾಲ್ಕು ಒಳ್ಳೆಯ ಮಾತು ಕೇಳಲು ಸೇರಿದ್ದರು. ನಾದಿನಿಯೂ ತರಕಾರಿಯವಳೂ ಇದ್ದರು. ಅಜ್ಜಿ ಮಾತು ಮುಗಿಸಿದ ಮೇಲೆ ಚಿಕ್ಕಮ್ಮ ಎದ್ದು ನಿಂತಳು. ಕಂಬ ಹಿಡಿದುಕೊಂಡೇ ನಿಂತಳು.

"ನೀವೆಲ್ಲ ಆಡ್ತಿರೋ ಮಾತನ್ನ ಮೊದ್ಲು ಆಡಿದವಳು ನಾನು. ನನ್ನ ನಂಬಿ ಒಪ್ಪಿಸಿದ್ದನ್ನ ಬೀದಿಗೆ ಹಾಕ್ದೆ. ಅವಳು ನನ್ನ ಹೊಲಿಗೆ ಸೊಟ್ಟ ಅಂತ ಮುಖಕ್ಕೇ ಹೇಳಿದ್ಲು. ನಾನು ಬೆನ್ನ ಹಿಂದೆ ಆಡಿದೆ, ಅದೂ ಸತ್ತ ಮೇಲೆ. ಇಬ್ರಲ್ಲಿ ಒಳ್ಳೆಯವಳು ಅವಳೇ. ಇನ್ಮೇಲೆ ಆ ಮಾತು ಯಾರೂ ಆಡ್ಬೇಡಿ, ಕೈ ಮುಗೀತೀನಿ."

ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಆದ್ರೂ, ನಿಜ ತಾನೇ?"

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ" ಎಂದಳು ಚಿಕ್ಕಮ್ಮ. "ಇನ್ಮೇಲೆ ಇರೋದೂ ಇಲ್ಲ."

ನಾದಿನಿ ಸೆರಗಿನ ತುದಿ ತಿರುಚುತ್ತಾ ನೆಲ ನೋಡುತ್ತಿದ್ದಳು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ತನ್ನ ಸೊಸೆಯ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ನಾನು ಹೋದ್ರೆ ಸ್ನಾನಕ್ಕೆ ಬೇರೆ ಯಾರನ್ನಾದ್ರೂ ನೋಡಮ್ಮ" ಎಂದಳು. ಚಿಕ್ಕಮ್ಮ ಅದನ್ನೂ ಕೇಳಿಸಿಕೊಂಡು ಕುಳಿತಳು.

ಮಾತು ಮೆಲ್ಲಗೆ ತಣ್ಣಗಾಯಿತು. ಅಜ್ಜಿ ಇನ್ನಿಬ್ಬರು ಹೆಂಗಸರಿಗೆ ಆ ಕೆಲಸ ಕಲಿಸಿದರು. ಸಾವಾದರೆ ಜನ ಈಗ ಅವರ ಮನೆಗೆ ಓಡುತ್ತಾರೆ. ಚಿಕ್ಕಮ್ಮ ಯಾರನ್ನೂ ದೂರುವುದಿಲ್ಲ. ಪ್ರತಿ ನಮಾಜಿನ ಕೊನೆಗೆ ಕೈ ಎತ್ತಿದಾಗ ತನಗಿಂತ ಮೊದಲು ಆ ಹೆಂಗಸಿಗಾಗಿ ಬೇಡುತ್ತಾಳೆ. ಬೇಡುವಾಗಲೂ ಮುಖ ಬಿಸಿಯಾಗುತ್ತದೆ.

ಆ ಮಗಳು ಎದುರಿಗೆ ಸಿಕ್ಕಿದರೆ ಈಗ ಅವಳೇ ಮೊದಲು ಸಲಾಮ್ ಹೇಳುತ್ತಾಳೆ. ಅಪ್ಪ ಹೇಗಿದ್ದಾರೆಂದು ಕೇಳಿದರೆ ಎರಡು ಮಾತು ಆಡುತ್ತಾಳೆ. ಮಾಫ್ ಮಾಡಿದೆ ಎಂಬ ಮಾತು ಮಾತ್ರ ಇನ್ನೂ ಅವಳ ಬಾಯಿಂದ ಬಂದಿಲ್ಲ. ಚಿಕ್ಕಮ್ಮ ಕೇಳುವುದಿಲ್ಲ. ಸಲಾಮಿಗೆ ಉತ್ತರ ಕೊಟ್ಟು, ಗೋಡೆಯ ಬದಿಗೆ ಸರಿದು, ಅವಳು ದಾಟಿ ಹೋಗುವವರೆಗೆ ನಿಲ್ಲುತ್ತಾಳೆ.